ಜಿಂಕೆ ಬಿದ್ದ ಮೇಲೆ ಬೇಕಾಗುವ ಬ್ಯಾಗು, ಚಾಕು: ನಾನು ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಇದು ಅಮೆರಿಕದ ಕೊಲೊರಾಡೊದ ಮಾತು. ನಮ್ಮ ಕಡೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆ, ಕಡವೆ ಹೊಡೆಯುವುದು ಜೈಲಿಗೆ ಹೋಗುವ ಕೆಲಸ. ಅದು ಹಾಗೇ ಇರಲಿ. ನಾನು ಕೊಡಗಿನವನು. ಮನೆಯಲ್ಲಿ ಕೋವಿ ಇತ್ತು, ಕೈಲ್ ಪೋದ್ ಹಬ್ಬದ ದಿನ ಅದಕ್ಕೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುವುದನ್ನು, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವುದನ್ನು ನೋಡಿಕೊಂಡೇ ಬೆಳೆದೆ. ಆದರೆ ಬೇಟೆ ಅಂತ ಮೊದಲು ಹೋಗಿದ್ದು ಇಲ್ಲಿ ಫೋರ್ಟ್ ಕಾಲಿನ್ಸ್‌ಗೆ ಬಂದ ಮೇಲೆ. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರೆಲ್ಲ ಇಲ್ಲಿ ಬೇಟೆಯ ಪಾಠ ಕಲಿತು ಕಾರ್ಡ್ ತೋರಿಸಬೇಕು. ಆಮೇಲೆ ಏಪ್ರಿಲ್‌ನಲ್ಲಿ ಅರ್ಜಿ, ಅದೃಷ್ಟವಿದ್ದರೆ ಲಾಟರಿಯಲ್ಲಿ ಒಂದು ಜಿಂಕೆಯ ಪರವಾನಗಿ.

ನಾವು ಹೋಗುವುದು ರಾವಾ ವೈಲ್ಡರ್ನೆಸ್ ಅನ್ನುವ ಸಂರಕ್ಷಿತ ಕಾಡಿಗೆ. ಊರಿನಿಂದ ಪಶ್ಚಿಮಕ್ಕೆ, ಪೂಡರ್ ನದಿಯ ಕಣಿವೆ ಹತ್ತಿ ಹೋಗಬೇಕು. 1964ರ ಕಾನೂನಿನ ಪ್ರಕಾರ ಇಂಥ ಕಾಡಿನೊಳಗೆ ಮೋಟಾರು ಮಾತ್ರವಲ್ಲ, ಚಕ್ರದ ವಾಹನ ಯಾವುದೂ ಬರುವ ಹಾಗಿಲ್ಲ. ಕೈಯಲ್ಲಿ ತಳ್ಳುವ ಗಾಡಿ ಕೂಡ ಇಲ್ಲ. ಕುದುರೆ ಇಟ್ಟುಕೊಂಡವರು ಕುದುರೆ ತರುತ್ತಾರೆ. ನಮ್ಮಂಥವರಿಗೆ ಬೆನ್ನೇ ಗತಿ.

ಇಲ್ಲಿನ ಜಿಂಕೆ ಮ್ಯೂಲ್ ಡಿಯರ್. ಹೇಸರಗತ್ತೆಯ ಹಾಗೆ ದೊಡ್ಡ ಕಿವಿ, ಅದಕ್ಕೇ ಆ ಹೆಸರು. ನಮ್ಮ ಚುಕ್ಕೆ ಜಿಂಕೆಗಿಂತ ಸ್ವಲ್ಪ ದಪ್ಪ, ಕಡವೆಗಿಂತ ತುಂಬಾ ಸಣ್ಣದು. ನಾನು ಹೊಡೆದ ಗಂಡಿನಲ್ಲಿ ಎಲುಬು ಬಿಡಿಸಿ ಉಳಿದ ಮಾಂಸ 28 ಕಿಲೋ ಆಗಿತ್ತು. ಅದರ ಮೇಲೆ ತಲೆ. ಅದರ ಮೇಲೆ ನನ್ನ ಟೆಂಟು, ಹಾಸಿಗೆ, ನೀರು, ಕೋವಿ. ಗಾಡಿ ನಿಲ್ಲಿಸಿದ ಜಾಗಕ್ಕೆ ಆರೂವರೆ ಕಿಲೋಮೀಟರ್. ಅಂಗಡಿಯಲ್ಲಿ ಬ್ಯಾಗು ನೋಡುವಾಗ ಈ ಲೆಕ್ಕ ಯಾರ ತಲೆಗೂ ಬರುವುದಿಲ್ಲ, ನನಗೂ ಬರಲಿಲ್ಲ. ಎಲ್ಲರೂ ಹತ್ತಿ ಹೋಗುವುದನ್ನು ಯೋಚಿಸಿ ಕೊಳ್ಳುತ್ತಾರೆ. ಹತ್ತುವಾಗ ಏನಿದೆ, 16 ಕಿಲೋ, ಹುಮ್ಮಸ್ಸು, ಬಿಸಿ ಕಾಫಿ. ಯಾವ ಬ್ಯಾಗಾದರೂ ನಡೆಯುತ್ತದೆ.

ಮೊದಲ ವರ್ಷ ನನ್ನ ಹಳೇ ಟ್ರೆಕ್ಕಿಂಗ್ ಬ್ಯಾಗನ್ನೇ ಒಯ್ದೆ. 65 ಲೀಟರ್, ಒಳಗೆ ಫ್ರೇಮ್ ಇರುವಂಥದ್ದು. ಬ್ಯಾಗಿನ ತಪ್ಪಲ್ಲ, ಅದನ್ನು ಮಾಡಿದ್ದೇ ಬೇರೆ ಕೆಲಸಕ್ಕೆ. ಮಾಂಸ ಬಟ್ಟೆಯ ಹಾಗೆ ಇಟ್ಟಲ್ಲಿ ಕೂರುವುದಿಲ್ಲ, ನೀರು ತುಂಬಿದ ಬಲೂನಿನ ಹಾಗೆ ಜಾರಿ ಜಾರಿ ತಳಕ್ಕೆ ಇಳಿಯುತ್ತದೆ. ಅರ್ಧ ಗಂಟೆಯಲ್ಲಿ ಬ್ಯಾಗು ಪೀಪಾಯಿಯಾಗಿತ್ತು, ಬೆನ್ನಿಗೆ ಗುಂಡಗೆ ಒತ್ತುತ್ತಿತ್ತು, ಯಾರೋ ಹಿಂದಿನಿಂದ ಕಾಲರ್ ಹಿಡಿದು ಜಗ್ಗಿದ ಹಾಗೆ. ಸೊಂಟದ ಬೆಲ್ಟ್ ಎಷ್ಟು ಬಿಗಿದರೂ ಜಾರಿ, ಭಾರವೆಲ್ಲ ಹೆಗಲಿಗೆ ಬಂತು. ಇದರ ಮೇಲೆ ಇನ್ನೊಂದು ದಡ್ಡತನ, ಬ್ಯಾಗಿಗೆ ರಕ್ತ ಆಗಬಾರದು ಅಂತ ಬಿಸಿ ಆರದ ಮಾಂಸವನ್ನು ಕಸದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತುಂಬಿದ್ದೆ. ಪ್ಲಾಸ್ಟಿಕ್ಕಿನಲ್ಲಿ ಬಿಸಿ ಹೊರಗೆ ಹೋಗುವುದಿಲ್ಲ. ಮನೆಗೆ ಬಂದು ಬಿಚ್ಚಿದಾಗ ಒಂದು ತೊಡೆ ವಾಸನೆ ಹೊಡೆಯುತ್ತಿತ್ತು. ಹೆಂಡತಿ ಏನೂ ಹೇಳಲಿಲ್ಲ, ಸುಮ್ನೆ ಕಿಟಕಿ ತೆರೆದಳು.

ಎರಡನೇ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ 40 ಡಾಲರ್‌ಗೆ ಅಲ್ಯೂಮಿನಿಯಂ ಫ್ರೇಮ್ ಸಿಕ್ಕಿತು. ಬೆನ್ನಿನ ಮೇಲೆ ಏಣಿ ಕಟ್ಟಿಕೊಂಡ ಹಾಗೆ ಇರುತ್ತದಲ್ಲ, ಆ ಹಳೇ ತರದ್ದು. ನಗಬೇಡಿ. ಹೊರೆ ಹೊರುವುದರಲ್ಲಿ ಇದು ನನ್ನ ಟ್ರೆಕ್ಕಿಂಗ್ ಬ್ಯಾಗಿಗಿಂತ ಎಷ್ಟೋ ಪಾಲು ವಾಸಿ. ಮಾಂಸದ ಚೀಲಗಳನ್ನು ನೇರ ಫ್ರೇಮಿಗೆ ಹಗ್ಗದಲ್ಲಿ ಬಿಗಿದರೆ ಅಲ್ಲಾಡುವುದಿಲ್ಲ, ಭಾರ ನೆಟ್ಟಗೆ ಸೊಂಟಕ್ಕೆ ಇಳಿಯುತ್ತದೆ, ಬೆನ್ನಿಗೆ ಗಾಳಿಯೂ ಆಡುತ್ತದೆ. ತೊಂದರೆ ಎರಡು. ಒಂದು, ಹೆಜ್ಜೆ ಹೆಜ್ಜೆಗೂ ಕಿರ್ರ್ ಕಿರ್ರ್. ಜಿಂಕೆ ಹುಡುಕುವಾಗ ಇದನ್ನು ಹಾಕಿಕೊಂಡು ಓಡಾಡುವುದೂ ಒಂದೇ, ಗಂಟೆ ಬಾರಿಸಿಕೊಂಡು ಹೋಗುವುದೂ ಒಂದೇ. ಎರಡನೆಯದು, ಇಲ್ಲಿನ ಕಾಡಿನಲ್ಲಿ ದುಂಬಿ ಹೊಡೆದು ಸತ್ತ ಪೈನ್ ಮರಗಳು ಒಂದರ ಮೇಲೊಂದು ಅಡ್ಡ ಬಿದ್ದಿರುತ್ತವೆ. ಅವುಗಳ ಕೆಳಗೆ ನುಸುಳುವಾಗ ಫ್ರೇಮಿನ ಕೊಂಬು ಪ್ರತಿ ಸಲ ಸಿಕ್ಕಿಕೊಳ್ಳುತ್ತದೆ. ಡೇರೆಯಲ್ಲೇ ಬಿಟ್ಟು, ಜಿಂಕೆ ಬಿದ್ದ ಮೇಲೆ ತರೋಣ ಅಂದರೆ ಅದಕ್ಕೇ ಇನ್ನೊಂದು ಸುತ್ತು. ಆದರೂ ಕಡಿಮೆ ದುಡ್ಡಿನವರಿಗೆ ನಾನು ಹೇಳುವುದು ಇದನ್ನೇ.

ಮೂರನೆಯದು ಬೇಟೆಗೆಂದೇ ಮಾಡಿದ ಬ್ಯಾಗು. ಮೊಂಟಾನಾದ ಬೋಜ್‌ಮನ್‌ನಲ್ಲಿ ಹುಟ್ಟಿದ ಮಿಸ್ಟರಿ ರ‍್ಯಾಂಚ್, ಸ್ಟೋನ್ ಗ್ಲೇಷಿಯರ್, ಐಡಾಹೋದ ಎಕ್ಸೋ, ನಮ್ಮ ಕೊಲೊರಾಡೊದಲ್ಲೇ ಹುಟ್ಟಿದ ಕಿಫಾರು, ಸೀಕ್ ಔಟ್‌ಸೈಡ್, ಹೀಗೆ ತುಂಬಾ ಇವೆ. ಎಲ್ಲದರ ಉಪಾಯವೂ ಹೆಚ್ಚುಕಡಿಮೆ ಒಂದೇ. ಫ್ರೇಮ್ ಬೇರೆ, ಬ್ಯಾಗು ಬೇರೆ. ಬ್ಯಾಗಿನ ಪಟ್ಟಿಗಳನ್ನು ಸಡಿಲ ಮಾಡಿದರೆ ಅದು ಫ್ರೇಮಿನಿಂದ ಹಿಂದೆ ಸರಿಯುತ್ತದೆ, ನಡುವೆ ಒಂದು ಜಾಗ ಬಿಡುತ್ತದೆ. ಮಾಂಸ ಆ ಜಾಗದಲ್ಲಿ, ಬೆನ್ನಿಗೆ ಅಂಟಿಕೊಂಡು ಕೂರುತ್ತದೆ. ನಿಮ್ಮ ಬಟ್ಟೆಬರೆ ಹೊರಗಡೆ, ರಕ್ತ ತಾಗದೆ. ಭಾರ ಮೈಗೆ ಹತ್ತಿರ, ಹೆಗಲ ಮೂಳೆಯ ಎತ್ತರದಲ್ಲಿ. ಅದೇ 28 ಕಿಲೋ, ಆದರೆ ಹಿಂದಕ್ಕೆ ಜಗ್ಗುವವನು ಇಲ್ಲ.

ಇಂಥ ಎರಡನ್ನು ಹಾಕಿ ನೋಡಿದೆ, ಒಂದು ಸ್ನೇಹಿತನಿಂದ ತಂದದ್ದು, ಒಂದು ಕೊಂಡದ್ದು. ಮಳಿಗೆಯವರು ಬ್ಯಾಗಿಗೆ ಮರಳು ಮೂಟೆ ಹಾಕಿ ಎರಡು ಸುತ್ತು ನಡೆಸುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ನಾನು ಮಾಡಿದ್ದು ಇದು: ಇಂಡಿಯನ್ ಅಂಗಡಿಯ 20 ಪೌಂಡಿನ ಸೋನಾ ಮಸೂರಿ ಚೀಲ ಮೂರು, ಒಟ್ಟು 27 ಕಿಲೋ, ಅದನ್ನು ಕಟ್ಟಿಕೊಂಡು ಹಾರ್ಸ್‌ಟೂತ್ ಬೆಟ್ಟ ಹತ್ತಿ ಇಳಿದೆ. ಒಂದು ಶನಿವಾರ ಒಂದು ಬ್ಯಾಗು, ಮುಂದಿನ ಶನಿವಾರ ಇನ್ನೊಂದು. ದಾರಿಯಲ್ಲಿ ಒಬ್ಬ ಅಜ್ಜಿ ನಿಲ್ಲಿಸಿ ಇಷ್ಟು ಅಕ್ಕಿ ಎಲ್ಲಿಗೆ ಅಂತ ಕೇಳಿದರು.

ಎರಡರ ನಡುವೆ ತೀರ್ಪು ಕೊಟ್ಟದ್ದು ಫ್ರೇಮಿನ ಎತ್ತರ. ಹೆಗಲ ಪಟ್ಟಿಯ ಮೇಲಿಂದ ಫ್ರೇಮಿಗೆ ಹೋಗುವ ಚಿಕ್ಕ ಪಟ್ಟಿ ಇರುತ್ತದೆ. ಅದು ಹೆಗಲಿನಿಂದ ಓರೆಯಾಗಿ ಮೇಲಕ್ಕೆ ಹೋಗಬೇಕು, ಆಗ ಅದನ್ನು ಎಳೆದರೆ ಭಾರ ಹೆಗಲು ಬಿಟ್ಟು ಮೇಲೇಳುತ್ತದೆ. ಫ್ರೇಮ್ ಗಿಡ್ಡವಾಗಿದ್ದರೆ ಆ ಪಟ್ಟಿ ಸಪಾಟಾಗಿ ಮಲಗುತ್ತದೆ, ಎಳೆದರೂ ಪ್ರಯೋಜನ ಇಲ್ಲ. ಸ್ನೇಹಿತ ನನಗಿಂತ ಗಿಡ್ಡ, ಅವನ ಬೆನ್ನಿಗೆ ಹೊಂದಿಸಿದ್ದು ನನಗೆ ಆಗಲಿಲ್ಲ, ಅಷ್ಟೇ. ಕತ್ತಿನ ಹಿಂದೆ ಬಗ್ಗಿದಾಗ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನವರೆಗೆ ಟೇಪ್ ಹಿಡಿಸಿ ಅಳತೆ ತೆಗೆಸಿಕೊಳ್ಳಿ. ಎತ್ತರದ ಮನುಷ್ಯನಿಗೆ ಉದ್ದ ಬೆನ್ನೇ ಇರಬೇಕು ಅಂತೇನಿಲ್ಲ. ಬ್ರಾಂಡ್ ಜಗಳಕ್ಕಿಂತ ಈ ಒಂದು ಅಳತೆ ದೊಡ್ಡದು. ಬೆಲೆ ಮಾತ್ರ ಕೇಳಬೇಡಿ, ಫ್ರೇಮ್ ಬ್ಯಾಗು ಸೇರಿ ಆರೇಳು ನೂರು ಡಾಲರ್ ಹತ್ತಿರ ಹೋಯಿತು.

ಈಗ ಚಾಕು. ಜನ ಬ್ಯಾಗಿಗಿಂತ ಜಾಸ್ತಿ ಚಾಕುವಿಗೆ ಜಗಳ ಆಡುತ್ತಾರೆ. ಊರಿಗೆ ಫೋನ್ ಮಾಡಿದಾಗ ದೊಡ್ಡಪ್ಪನಿಗೆ ಹೇಳಿದೆ, ಮೂರು ಚಾಕು ಹೋಲಿಸಿ ನೋಡ್ತಾ ಇದ್ದೇನೆ ಅಂತ. "ಹಂದಿ ಕೊಯ್ಯೋಕೆ ನಮಗೆ ಒಂದು ಕತ್ತಿ ಸಾಕಿತ್ತು. ನಿನ್ನ ಜಿಂಕೆಗೆ ಮೂರು ಯಾಕೆ ಮಾರಾಯ?" ಅಂದರು. ಉತ್ತರ ಇರಲಿಲ್ಲ.

ಆದರೆ ಇಲ್ಲಿ ಕತ್ತಿಯಿಂದ ಕೊಚ್ಚುವ ಹಾಗಿಲ್ಲ, ಅದಕ್ಕೆ ಕಾರಣ ಇದೆ. ಈ ಭಾಗದ ಜಿಂಕೆಗಳಲ್ಲಿ ಒಂದು ಮಿದುಳಿನ ರೋಗ ಇದೆ, ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಚಿಕ್ಕದಾಗಿ ಸಿಡಬ್ಲ್ಯುಡಿ ಅನ್ನುತ್ತಾರೆ. 1967ರಲ್ಲಿ ಮೊದಲು ಕಂಡದ್ದೇ ಕೊಲೊರಾಡೊದಲ್ಲಿ. ಮನುಷ್ಯರಿಗೆ ಬಂದದ್ದು ಸಾಬೀತಾಗಿಲ್ಲ, ಆದರೂ ರೋಗ ಇರುವ ಜಿಂಕೆಯನ್ನು ತಿನ್ನಬೇಡಿ ಅನ್ನುತ್ತಾರೆ, ಅದಕ್ಕೇ ತಲೆ ಹೊತ್ತು ತಂದು ಪರೀಕ್ಷೆಗೆ ಕೊಡುವುದು. ಮಿದುಳು, ಬೆನ್ನುಹುರಿ ಕೊಯ್ಯಬಾರದು, ಬೆನ್ನೆಲುಬಿಗೆ ಗರಗಸ ಹಾಕಬಾರದು. ಹಾಗಾಗಿ ತುಂಬಾ ಜನ ಹೊಟ್ಟೆ ಸೀಳದೆ ಕೊಯ್ಯುತ್ತಾರೆ: ಬೆನ್ನಿನ ಉದ್ದಕ್ಕೂ ಚರ್ಮ ಬಿಡಿಸಿ, ಒಂದು ಕಡೆಯ ಮುಂಗಾಲು, ತೊಡೆ, ಬೆನ್ನುಮಾಂಸ ತೆಗೆದು, ಮಗುಚಿ ಹಾಕಿ ಇನ್ನೊಂದು ಕಡೆ. ಗಂಡು ಅನ್ನುವ ಗುರುತು ಮಾತ್ರ ಒಂದು ತುಂಡಿಗೆ ಅಂಟಿಕೊಂಡೇ ಇರಬೇಕು, ಅದು ಕಾನೂನು. ಇದೆಲ್ಲ ಸಣ್ಣ ಚಾಕುವಿನ ಕೆಲಸ.

ನಾನು ಮೊದಲು ಮರುಳಾದದ್ದು ಬ್ಲೇಡ್ ಬದಲಾಯಿಸುವ ಚಾಕುವಿಗೆ. ಆಪರೇಷನ್ ಬ್ಲೇಡಿನ ಹಾಗೆ ತೆಳ್ಳಗೆ, ಮೊಂಡಾದರೆ ಕಿತ್ತು ಹೊಸದು ಹಾಕುವುದು. ಚರ್ಮ ಬಿಡಿಸುವುದರಲ್ಲಿ ಇದಕ್ಕೆ ಸಾಟಿಯೇ ಇಲ್ಲ, ಬೆಣ್ಣೆ ಕೊಯ್ದ ಹಾಗೆ. ಆದರೆ ಒಂದು ಸಂಜೆ, ಕತ್ತಲಾಗುತ್ತಿದೆ, ಬೆರಳು ಮರಗಟ್ಟಿವೆ, ಹಿಂಗಾಲಿನ ತೊಡೆ ಕೀಲಿನ ಬಟ್ಟಲೊಳಗೆ ತುದಿ ತೂರಿಸಿ ಸ್ವಲ್ಪ ಓರೆ ಮಾಡಿದೆ. ಟಿಕ್ ಅಂತು. ಕೈಯಲ್ಲಿ ಅರ್ಧ ಬ್ಲೇಡು, ಇನ್ನರ್ಧ ಎಲ್ಲಿ? ತಲೆ ಲೈಟಿನ ಬೆಳಕಲ್ಲಿ ಮಾಂಸವೂ ಹೊಳೆಯುತ್ತದೆ, ಕೊಬ್ಬೂ ಹೊಳೆಯುತ್ತದೆ, ಉಕ್ಕೂ ಹೊಳೆಯುತ್ತದೆ. ಕೈ ಹಾಕಿ ತಡಕುವ ಹಾಗಿಲ್ಲ. ಒಣ ಕಡ್ಡಿಯಿಂದ ಒಂದೊಂದೇ ಪದರ ಸರಿಸಿ ಇಪ್ಪತ್ತು ನಿಮಿಷ ಹುಡುಕಿದ ಮೇಲೆ, ಕೀಲಿನ ಬಿಳಿ ಮೆತ್ತನೆ ಎಲುಬಿನಲ್ಲಿ ಉಗುರಿನ ಚೂರಿನಷ್ಟು ನೆಟ್ಟಿತ್ತು. ತಪ್ಪು ನನ್ನದೇ, ಅದು ಮೀಟುವ ಚಾಕು ಅಲ್ಲ. ಆದರೆ ಸುಸ್ತಾದ ಮನುಷ್ಯ ಮೀಟೇ ಮೀಟುತ್ತಾನೆ, ಅಲ್ವಾ? ಹಳೇ ಬ್ಲೇಡುಗಳನ್ನು ಹಾಕಿಡಲು ಒಂದು ಡಬ್ಬಿಯೂ ಬೇಕು, ಅದನ್ನೂ ಮರೆತಿದ್ದೆ.

ಆಮೇಲೆ ಒಂದು ದುಬಾರಿ ಚಾಕು ಕೊಂಡೆ. ಮ್ಯಾಗ್ನಾಕಟ್ ಅನ್ನುವ ಉಕ್ಕು, 2021ರಲ್ಲಿ ಬಂದದ್ದು, ಲಾರಿನ್ ಥಾಮಸ್ ಎಂಬ ಲೋಹತಜ್ಞರು ಚಾಕುವಿಗೆಂದೇ ರೂಪಿಸಿದ್ದು. ತುಕ್ಕು ಹಿಡಿಯುವುದಿಲ್ಲ, ಹರಿತ ಬೇಗ ಹೋಗುವುದಿಲ್ಲ. ಇಡೀ ಜಿಂಕೆಯನ್ನು ಒಂದು ಸಲವೂ ಸಾಣೆ ಹಿಡಿಯದೆ ಮುಗಿಸಿದೆ, ಮನೆಗೆ ಬಂದು ಟೊಮೆಟೊ ಕೊಯ್ದು ನೋಡಿದೆ, ಇನ್ನೂ ಹರಿತ. ಖುಷಿಯಾಯಿತು.

ಆದರೆ ಆಮೇಲೆ ಇಪ್ಪತ್ತು ಡಾಲರಿನ ಸ್ವೀಡನ್ ಚಾಕು, ಮೋರಾ ಕಂಪಾನಿಯನ್, ಅದನ್ನೂ ಒಯ್ದೆ. ಹತ್ತು ಸೆಂಟಿಮೀಟರಿನ ಅಲಗು, ರಬ್ಬರ್ ಹಿಡಿ, ಪ್ಲಾಸ್ಟಿಕ್ ಒರೆ. ಎರಡನೇ ಕಡೆಗೆ ಬರುವಾಗ ಸ್ವಲ್ಪ ಮೊಂಡಾಯಿತು. ಕಿಸೆಯ ಚಿಕ್ಕ ಸಾಣೆಕಲ್ಲಿಗೆ ಹತ್ತು ಸಲ ಎಳೆದೆ, ಮತ್ತೆ ಶುರು. ರಕ್ತದ ಕೈಯಲ್ಲೂ ಹಿಡಿ ಜಾರಲಿಲ್ಲ, ಕೀಲಿನಲ್ಲಿ ಸ್ವಲ್ಪ ತಿರುಗಿಸಿದರೂ ಏನೂ ಆಗಲಿಲ್ಲ. ದುಬಾರಿಯದು ಉತ್ತಮ, ನಿಜ, ಆದರೆ ಹತ್ತು ಪಟ್ಟು ಉತ್ತಮ ಅಲ್ಲ. ಈಗ ನನ್ನ ಜೊತೆ ಬರುವುದು ಮೋರಾ, ಚರ್ಮಕ್ಕೆ ಮಾತ್ರ ಆ ಬ್ಲೇಡಿನ ಚಾಕು. ದುಬಾರಿಯದು ಅಡುಗೆಮನೆ ಡ್ರಾಯರ್‌ನಲ್ಲಿದೆ, ಹೆಂಡತಿ ಹಲಸಿನಕಾಯಿ ಬಿಟ್ಟು ಉಳಿದೆಲ್ಲ ಅದರಲ್ಲೇ ಕೊಯ್ಯುತ್ತಾಳೆ.

ಮೋರಾದಲ್ಲಿ ಎರಡು ತರ ಬರುತ್ತದೆ, ಕಾರ್ಬನ್ ಉಕ್ಕು, ಸ್ಟೇನ್‌ಲೆಸ್. ಸಾಣೆಗೆ ಕಾರ್ಬನ್ ಸುಲಭ ಅಂತ ಹಳಬರು ಅದನ್ನೇ ಹೊಗಳುತ್ತಾರೆ. ನೀವು ಸ್ಟೇನ್‌ಲೆಸ್ ತಗೊಳ್ಳಿ. ಆ ರೋಗದ ಕಾರಣ ಕೊಯ್ದ ಮೇಲೆ ಚಾಕುವನ್ನು ಚೆನ್ನಾಗಿ ಉಜ್ಜಿ ತೊಳೆದು, ನಾಲ್ಕು ಪಾಲು ಬ್ಲೀಚು ಆರು ಪಾಲು ನೀರಿನಲ್ಲಿ ಐದು ನಿಮಿಷ ಅದ್ದಿಡಬೇಕು. ಆ ನೀರಿಗೆ ಕಾರ್ಬನ್ ಉಕ್ಕು ಕಪ್ಪಾಗಿ ತುಕ್ಕು ಹಿಡಿಯುತ್ತದೆ.

ಮಾಂಸದ ಚೀಲಕ್ಕೆ ಬನ್ನಿ. ಇದಕ್ಕೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ನನ್ನ ಪ್ರಕಾರ ಚಾಕುವಿಗಿಂತ ಇದೇ ಮುಖ್ಯ. ಅಗ್ಗದ ಹತ್ತಿ ಜಾಳಿಗೆ ಚೀಲ ರಬ್ಬರಿನ ಹಾಗೆ ಹಿಗ್ಗುತ್ತದೆ, ಹಿಗ್ಗಿದಾಗ ಬಿಡುವ ಕಣ್ಣಿನಲ್ಲಿ ನೊಣ ಮೊಟ್ಟೆ ಇಡುತ್ತದೆ. ಅಕ್ಟೋಬರ್ ಕೊನೆಯ ಚಳಿಯಲ್ಲಿ ನೊಣ ಇರುವುದಿಲ್ಲ, ಆಗ ನಡೆಯುತ್ತದೆ. ಸೆಪ್ಟೆಂಬರ್ ಬಿಸಿಲಿಗೆ ಬೇಡ. ಒತ್ತು ನೇಯ್ಗೆಯ ಸಿಂಥೆಟಿಕ್ ಚೀಲ ಹಗುರ, ಬೇಗ ಒಣಗುತ್ತದೆ, ವಾಷಿಂಗ್ ಮೆಷಿನ್‌ಗೆ ಹಾಕಿ ಮುಂದಿನ ವರ್ಷವೂ ಬಳಸಬಹುದು. ಮಧ್ಯೆ ಇನ್ನೊಂದು ದಾರಿ, ಹಳೇ ತಲೆದಿಂಬಿನ ಕವರ್. ನಿಜವಾಗಿ ಹೇಳ್ತೇನೆ, ಚೆನ್ನಾಗಿಯೇ ಕೆಲಸ ಮಾಡಿತು, ಆದರೆ ಮನೆಯಲ್ಲಿ ಕೇಳಿ ತಗೊಳ್ಳಿ. ಯಾವುದೇ ಆದರೂ ಮೊದಲು ನೆರಳಲ್ಲಿ ಕೊಂಬೆಗೆ ನೇತುಹಾಕಿ, ಮುಟ್ಟಿದರೆ ತಣ್ಣಗೆ ಅನ್ನಿಸಿದ ಮೇಲೆ ಬ್ಯಾಗಿಗೆ ಕಟ್ಟುವುದು.

ಉಳಿದದ್ದು ಬೇಗ ಹೇಳುತ್ತೇನೆ. ಊರುಗೋಲು ಎರಡು ಬೇಕು, ಕಾರ್ಬನ್ನಿಗಿಂತ ಅಲ್ಯೂಮಿನಿಯಂ, ಬಗ್ಗಿದರೂ ಮುರಿಯದು. ದುರ್ಬೀನು 8ಕ್ಕಿಂತ 10 ಪಟ್ಟಿನದು ನನಗೆ ಸರಿ, ಬಯಲು ಇಳಿಜಾರು ದೂರ ಇರುತ್ತದೆ. ಮೊಬೈಲ್ ಸಿಗ್ನಲ್ ಇಲ್ಲ, ಗಾರ್ಮಿನ್ ಇನ್‌ರೀಚ್ ಮಿನಿ ಅನ್ನುವ ಚಿಕ್ಕ ಯಂತ್ರ ನೂರು ಗ್ರಾಂ, ಉಪಗ್ರಹದ ಮೂಲಕ ಮನೆಗೆ ಮೆಸೇಜು ಹೋಗುತ್ತದೆ.

ಬಣ್ಣದ ವಿಷಯ ಒಂದು ಬಾಕಿ. ಕೋವಿ ಸೀಸನ್ನಿನಲ್ಲಿ ಸೊಂಟದ ಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಬಣ್ಣ ಇರಬೇಕು, ತಲೆಗೂ ಇರಬೇಕು. 2016ರಿಂದ ಗುಲಾಬಿಯೂ ನಡೆಯುತ್ತದೆ. ಆದರೆ ಇಷ್ಟು ದುಡ್ಡು ಕೊಟ್ಟು ತಂದ ಬ್ಯಾಗು ಕಾಡಿನ ಬಣ್ಣದ್ದು, ಹಾಕಿಕೊಂಡರೆ ಜಾಕೆಟ್ಟಿನ ಬೆನ್ನೆಲ್ಲ ಮುಚ್ಚಿಹೋಗುತ್ತದೆ, ಮೇಲೆ ಜಿಂಕೆಯ ಕೊಂಬು ಬೇರೆ ಎದ್ದು ನಿಂತಿರುತ್ತದೆ. ಹಿಂದಿನಿಂದ ನೋಡಿದವನಿಗೆ ನೀವೇ ಜಿಂಕೆ. ಎರಡು ಡಾಲರಿನ ಕಿತ್ತಳೆ ಬಟ್ಟೆ ತಂದು ಬ್ಯಾಗಿನ ಮೇಲೂ ಕೊಂಬಿನ ಮೇಲೂ ಬಿಗಿಯಾಗಿ ಕಟ್ಟಿ, ಅದೂ ಹೊರಡುವ ಮೊದಲೇ.

ಈ ವರ್ಷ ಸಕಲೇಶಪುರದ ಗೆಳೆಯನಿಗೂ ಲಾಟರಿಯಲ್ಲಿ ಪರವಾನಗಿ ಬಂದಿದೆ. ಅಲ್ಯೂಮಿನಿಯಂ ಫ್ರೇಮ್ ಅವನಿಗೆ ಕೊಟ್ಟಿದ್ದೇನೆ, ಕಿರ್ರ್ ಅನ್ನುವ ಕೀಲುಗಳಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿಕೊಂಡು, ಮೂರು ಚೀಲ ಅಕ್ಕಿ ಹೊತ್ತು ವಾರಕ್ಕೆರಡು ಸಲ ಹಾರ್ಸ್‌ಟೂತ್ ಹತ್ತುತ್ತಿದ್ದಾನೆ. ಮೊನ್ನೆ ಒಂದು ಚೀಲ ಒಡೆದು ದಾರಿಯುದ್ದಕ್ಕೂ ಅಕ್ಕಿ ಚೆಲ್ಲಿತಂತೆ.