ಮನೆ ಕಂಪ್ಯೂಟರನ್ನು ಓರಣ ಮಾಡೋಕೆ ಯಾವ ದಾರಿ ವಾಸಿ? ನಾನು ಪಕ್ಕಪಕ್ಕ ಇಟ್ಟು ನೋಡಿದ್ದು

ಆಫೀಸಿನ ಕಂಪ್ಯೂಟರನ್ನು ಒಬ್ಬರೇ ಬಳಸುತ್ತಾರೆ. ಮನೆಯದ್ದು ಹಾಗಲ್ಲ. ಒಬ್ಬರು ಬಿಲ್ ಕಟ್ಟುತ್ತಾರೆ, ಇನ್ನೊಬ್ಬರು ಹೋಮ್‌ವರ್ಕ್ ಟೈಪ್ ಮಾಡುತ್ತಾರೆ, ಮತ್ತೊಬ್ಬರು ಮೊಬೈಲಿನ ಫೋಟೋ ತಂದು ಸುರಿಯುತ್ತಾರೆ. ಅದಕ್ಕೇ ಕೆಳಗಿನ ಪ್ರತಿಯೊಂದು ಹೋಲಿಕೆಯಲ್ಲೂ ನಾನು ಮೊದಲು ನೋಡಿದ್ದು ಒಂದೇ ವಿಷಯ: ನಾನು ಪಕ್ಕದಲ್ಲಿ ಇಲ್ಲದಾಗಲೂ ಮನೆಯವರಿಗೆ ಬೇಕಾದ್ದು ಸಿಗುತ್ತಾ? ಚೆಂದ, ವೇಗ ಎಲ್ಲ ಆಮೇಲೆ.

ನಾನು ಬಳಸುವುದು ವಿಂಡೋಸ್ 11. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೂ ಇಲ್ಲಿರುವ ಬಹುಪಾಲು ಸಂಗತಿ ಅದರಲ್ಲೂ ನಡೆಯುತ್ತದೆ.

ಡೆಸ್ಕ್‌ಟಾಪ್: ತುಂಬಿದ್ದೋ, ಖಾಲಿಯೋ?

ಡೆಸ್ಕ್‌ಟಾಪ್ ತುಂಬಾ ಐಕಾನ್ ಇಟ್ಟುಕೊಳ್ಳುವವರನ್ನು ಬೈಯುವುದು ಸುಲಭ. ಆದರೆ ಅದರಲ್ಲಿ ಒಂದು ಅನುಕೂಲ ಇದೆ. ಕಣ್ಣಿಗೆ ಕಾಣುವುದು ಮರೆತುಹೋಗುವುದಿಲ್ಲ. ವಿಂಡೋಸ್ ಕೀ ಜೊತೆ ಡಿ ಒತ್ತಿದರೆ ತೆರೆದಿರುವ ಎಲ್ಲ ಕಿಟಕಿಗಳೂ ಸರಿದು ಡೆಸ್ಕ್‌ಟಾಪ್ ಎದುರಿಗೆ ಬರುತ್ತದೆ. ಐಕಾನ್ ಒಂದೆರಡು ಸಾಲು ಇರುವ ತನಕ ಇದು ಚೆನ್ನಾಗೇ ನಡೆಯುತ್ತದೆ. ಪರದೆಯ ಅರ್ಧ ದಾಟಿತೋ, ಹುಡುಕಾಟ ಶುರು.

ಇದಕ್ಕೆ ಎದುರಾಗಿ ಪೂರ್ತಿ ಖಾಲಿ ಡೆಸ್ಕ್‌ಟಾಪ್ ಇಟ್ಟು ನೋಡಿದೆ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ವ್ಯೂ ಒಳಗೆ ಹೋಗಿ, 'ಶೋ ಡೆಸ್ಕ್‌ಟಾಪ್ ಐಕಾನ್ಸ್' ತೆಗೆದರೆ ಎಲ್ಲವೂ ಮಾಯ. ಗೋಡೆಚಿತ್ರ ಮಾತ್ರ ಉಳಿಯುತ್ತದೆ, ನೋಡಲು ತುಂಬಾ ಹಿತ. ತೊಂದರೆ ಏನೆಂದರೆ ಫೈಲುಗಳು ಎಲ್ಲಿಗೂ ಹೋಗಿರುವುದಿಲ್ಲ. ಮನೆಯವರು ರೂಢಿಯಂತೆ ಅಲ್ಲೇ ಸೇವ್ ಮಾಡುತ್ತಾರೆ, ಆಮೇಲೆ ಕಾಣುತ್ತಿಲ್ಲ ಅಂತ ಇನ್ನೊಮ್ಮೆ ಸೇವ್ ಮಾಡುತ್ತಾರೆ. ಕಸ ಮರೆಯಾಗುತ್ತದೆ, ಕಡಿಮೆಯಾಗುವುದಿಲ್ಲ.

ಮೂರನೆಯ ದಾರಿ ಫೆನ್ಸಸ್ ಎಂಬ ಪ್ರೋಗ್ರಾಂ. ಐಕಾನುಗಳನ್ನು ಡೆಸ್ಕ್‌ಟಾಪ್ ಮೇಲೆಯೇ ಚೌಕಗಳಾಗಿ ಬೇರೆ ಮಾಡಿ ಇಡಬಹುದು. ಖಾಲಿ ಜಾಗದಲ್ಲಿ ಡಬಲ್ ಕ್ಲಿಕ್ ಮಾಡಿದರೆ ಎಲ್ಲ ಅಡಗುತ್ತದೆ, ಮತ್ತೆ ಮಾಡಿದರೆ ಬರುತ್ತದೆ. ಆದರೆ ಇದಕ್ಕೆ ದುಡ್ಡು ಕೊಡಬೇಕು. ಮ್ಯಾಕ್ ಇರುವವರಿಗೆ ಹೆಚ್ಚುಕಮ್ಮಿ ಇಂಥದ್ದೇ ಒಂದು ಸೌಲಭ್ಯ 2018ರಿಂದ ಉಚಿತವಾಗಿಯೇ ಇದೆ. ಸ್ಟ್ಯಾಕ್ಸ್ ಆನ್ ಮಾಡಿದರೆ ಒಂದೇ ಬಗೆಯ ಫೈಲುಗಳು ತಾವಾಗಿಯೇ ಗುಂಪಾಗುತ್ತವೆ.

ನಮ್ಮಲ್ಲಿ ಉಳಿದದ್ದು ಇಷ್ಟು. ದಿನಾ ಬೇಕಾಗುವ ಪ್ರೋಗ್ರಾಂಗಳು ಟಾಸ್ಕ್‌ಬಾರ್‌ನಲ್ಲಿ, ಈಗ ನಡೆಯುತ್ತಿರುವ ಕೆಲಸದ ಫೈಲು ಮಾತ್ರ ಡೆಸ್ಕ್‌ಟಾಪ್‌ನಲ್ಲಿ. ಟಾಸ್ಕ್‌ಬಾರ್‌ನಲ್ಲಿ ಪಿನ್ ಮಾಡಿದ್ದನ್ನು ವಿಂಡೋಸ್ ಕೀ ಜೊತೆ 1, 2, 3 ಒತ್ತಿ ತೆರೆಯಬಹುದು, ಸಾಲಿನಲ್ಲಿ ಎಷ್ಟನೆಯದೋ ಆ ಅಂಕಿ. ಇದನ್ನು ಹೇಳಿಕೊಟ್ಟ ಮೇಲೆ ಮಕ್ಕಳು ಮೌಸ್ ಮುಟ್ಟುವುದೇ ಕಡಿಮೆಯಾಯಿತು.

ಫೋಲ್ಡರ್: ಬಗೆಯ ಪ್ರಕಾರವೋ, ವಿಷಯದ ಪ್ರಕಾರವೋ, ವರ್ಷದ ಪ್ರಕಾರವೋ?

ಇದೇ ನಿಜವಾದ ಜಗಳದ ಜಾಗ.

ಪಿಡಿಎಫ್ ಒಂದು ಕಡೆ, ವರ್ಡ್ ಒಂದು ಕಡೆ, ಎಕ್ಸೆಲ್ ಒಂದು ಕಡೆ ಅಂತ ಇಡುವುದು ಮೊದಲಿಗೆ ಅಚ್ಚುಕಟ್ಟಾಗಿ ಕಾಣುತ್ತದೆ. ನನಗೆ ಇದು ಸುಮ್ನೆ ಶ್ರಮ ಅನ್ನಿಸಿತು. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಡೀಟೇಲ್ಸ್ ನೋಟ ಇಟ್ಟುಕೊಂಡು 'ಟೈಪ್' ಕಾಲಂ ಮೇಲೆ ಒಂದು ಸಲ ಕ್ಲಿಕ್ ಮಾಡಿದರೆ ಅದೇ ವಿಂಗಡಣೆ ಆಗುತ್ತದೆ. ಕಂಪ್ಯೂಟರ್ ತಾನೇ ಮಾಡುವ ಕೆಲಸವನ್ನು ನಾವು ಕೈಯಿಂದ ಯಾಕೆ ಮಾಡಬೇಕು? ಅದೂ ಅಲ್ಲದೆ ಯಾರೂ 'ನನ್ನ ಪಿಡಿಎಫ್ ಎಲ್ಲಿ' ಅಂತ ಕೇಳುವುದಿಲ್ಲ. 'ಶಾಲೆ ಫೀಸಿನ ರಸೀದಿ ಎಲ್ಲಿ' ಅಂತಲೇ ಕೇಳುತ್ತಾರೆ.

ವರ್ಷದ ಪ್ರಕಾರ ಇಡುವುದು ಫೋಟೋಗೆ ಬಹಳ ಒಳ್ಳೆಯದು. ಕಾಗದಪತ್ರಕ್ಕೆ ಅಷ್ಟೇ ಕೆಟ್ಟದ್ದು. ಪಾಸ್‌ಪೋರ್ಟ್ ಮಾಡಿಸಿದ್ದು ಯಾವ ವರ್ಷ ಅಂತ ಯಾರಿಗೆ ನೆನಪಿರುತ್ತದೆ?

ಒಬ್ಬೊಬ್ಬರ ಹೆಸರಿನಲ್ಲಿ ಫೋಲ್ಡರ್ ಮಾಡಿಯೂ ನೋಡಿದೆ. ಅಂಕಪಟ್ಟಿ, ಆಸ್ಪತ್ರೆ ಚೀಟಿ ಎಲ್ಲ ಸರಿಹೋಗುತ್ತವೆ. ಮನೆಯ ಪತ್ರ, ಕರೆಂಟ್ ಬಿಲ್ ಬಂದಾಗ ಯಾರ ಹೆಸರಿಗೆ ಹಾಕುವುದು ಅಂತ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಬೇಕು.

ಕೊನೆಗೆ ಗೆದ್ದದ್ದು ವಿಷಯ: ಬ್ಯಾಂಕ್, ಶಾಲೆ, ಆರೋಗ್ಯ, ಮನೆ, ಗುರುತಿನ ಚೀಟಿ. ಇದರಲ್ಲೂ ತಕರಾರು ಇಲ್ಲದಿಲ್ಲ. ಆರೋಗ್ಯ ವಿಮೆ ಎಲ್ಲಿ ಹೋಗಬೇಕು, ಆರೋಗ್ಯಕ್ಕೋ ಬ್ಯಾಂಕಿಗೋ? ಎರಡೂ ಕಡೆ ನಕಲು ಇಡಬೇಡಿ. ಒಂದನ್ನು ತಿದ್ದಿದಾಗ ಇನ್ನೊಂದು ಹಳೆಯದಾಗಿಯೇ ಉಳಿಯುತ್ತದೆ. ಒಂದು ಕಡೆ ಅಸಲಿ ಫೈಲು, ಇನ್ನೊಂದು ಕಡೆ ಅದರ ಶಾರ್ಟ್‌ಕಟ್ ಇಟ್ಟರೆ ಸಾಕು.

ಆಳ ಎಷ್ಟಿರಬೇಕು ಎನ್ನುವುದಕ್ಕೂ ನನ್ನದೊಂದು ಮಿತಿ ಇದೆ. ಫೋಲ್ಡರ್ ಒಳಗೆ ಇನ್ನೊಂದು ಫೋಲ್ಡರ್, ಅಷ್ಟೇ. ಅದಕ್ಕಿಂತ ಒಳಗೆ ಹೋದರೆ ಮನೆಯವರು ಇಡುವುದೇ ಇಲ್ಲ, ಡೌನ್‌ಲೋಡ್ಸ್‌ನಲ್ಲೇ ಬಿಟ್ಟುಬಿಡುತ್ತಾರೆ. ತಾಂತ್ರಿಕ ಕಾರಣವೂ ಒಂದಿದೆ. ಫೋಲ್ಡರುಗಳ ಹೆಸರು, ಫೈಲಿನ ಹೆಸರು ಎಲ್ಲ ಸೇರಿ ಪೂರ್ತಿ ವಿಳಾಸ 260 ಅಕ್ಷರ ದಾಟಿದರೆ ವಿಂಡೋಸ್‌ನಲ್ಲಿ ಹಲವು ಪ್ರೋಗ್ರಾಂಗಳು ಇವತ್ತಿಗೂ ತಕರಾರು ಮಾಡುತ್ತವೆ.

ಹಾಗಾದರೆ ವರ್ಷ ಎಲ್ಲಿ ಹೋಯಿತು? ಅದು ಫೈಲಿನ ಹೆಸರಿಗೆ ಬಂತು. '2024-03-15 ನೀರಿನ ಬಿಲ್' ಅಂತ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ. ಹೀಗೆ ಬರೆದರೆ ಹೆಸರಿನ ಪ್ರಕಾರ ಜೋಡಿಸಿದಾಗ ತಾರೀಕಿನ ಪ್ರಕಾರವೂ ತಾನಾಗಿ ಜೋಡಣೆ ಆಗುತ್ತದೆ. ದಿನವನ್ನು ಮೊದಲು ಬರೆದರೆ ಎಲ್ಲ ತಿಂಗಳ 15ನೇ ತಾರೀಕುಗಳೂ ಒಟ್ಟಿಗೆ ಬಂದು ಕೂರುತ್ತವೆ. ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವ ಕ್ರಮವೂ ಇದೇ. ನಡುವೆ ಓರೆಗೀಟು ಹಾಕಲು ಹೋಗಬೇಡಿ, ಫೈಲ್ ಹೆಸರಿನಲ್ಲಿ ವಿಂಡೋಸ್ ಅದನ್ನು ಒಪ್ಪುವುದಿಲ್ಲ.

ಹೆಸರು ಬದಲಿಸಲು ಎಫ್2 ಕೀ ಸಾಕು. ಒಂದಕ್ಕೆ ಬರೆದು ಎಂಟರ್ ಬದಲು ಟ್ಯಾಬ್ ಒತ್ತಿದರೆ ಮುಂದಿನ ಫೈಲಿನ ಹೆಸರು ತಿದ್ದಲು ತೆರೆದುಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಎಷ್ಟು ಕ್ಲಿಕ್ ಮಾಡುತ್ತೇವೆ ಅಲ್ವಾ! ನೂರಾರು ಫೈಲಿದ್ದರೆ ಮೈಕ್ರೋಸಾಫ್ಟ್‌ನ ಉಚಿತ ಪವರ್‌ಟಾಯ್ಸ್‌ನಲ್ಲಿರುವ ಪವರ್‌ರಿನೇಮ್ ಚೆನ್ನಾಗಿದೆ. ಹಳೆ ಹೆಸರು ಒಂದು ಕಡೆ, ಹೊಸದು ಇನ್ನೊಂದು ಕಡೆ ತೋರಿಸಿ, ನೀವು ಒಪ್ಪಿದ ಮೇಲೆ ಬದಲಿಸುತ್ತದೆ. ಆದರೆ ಮನೆಯ ಬಳಕೆಗೆ ಎಫ್2 ಸಾಲದೆ ಬರುವ ದಿನ ಅಪರೂಪ.

ಹುಡುಕಾಟ: ವಿಂಡೋಸ್‌ನದ್ದು ಮತ್ತು ಎವೆರಿಥಿಂಗ್

ಹುಡುಕಾಟ ಚೆನ್ನಾಗಿದ್ದರೆ ಫೋಲ್ಡರೇ ಬೇಡ ಅನ್ನುವವರಿದ್ದಾರೆ. ಅವರ ಮಾತು ಎಷ್ಟು ಸರಿ ಅಂತ ನೋಡಲು ಎರಡನ್ನೂ ಬಳಸಿದೆ.

ಎವೆರಿಥಿಂಗ್ ಎಂಬುದು ಪುಟ್ಟ ಉಚಿತ ಪ್ರೋಗ್ರಾಂ. ಡಿಸ್ಕಿನಲ್ಲಿ ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಯನ್ನು ವಿಂಡೋಸ್ ಹೇಗೂ ಇಟ್ಟಿರುತ್ತದೆ. ಎವೆರಿಥಿಂಗ್ ಒಂದೊಂದೇ ಫೋಲ್ಡರಿಗೆ ಹೋಗಿ ನೋಡುವ ಬದಲು ನೇರ ಆ ಪಟ್ಟಿಯನ್ನೇ ಓದುತ್ತದೆ. ಅದಕ್ಕೇ ಅಷ್ಟು ವೇಗ. ಒಂದೊಂದು ಅಕ್ಷರ ಒತ್ತುತ್ತಿದ್ದಂತೆ ಪಟ್ಟಿ ಕಿರಿದಾಗುತ್ತಾ ಬರುತ್ತದೆ. ನಿಜಕ್ಕೂ ಖುಷಿ ಕೊಡುವ ಪ್ರೋಗ್ರಾಂ.

ಆದರೆ ಅದು ಮುಖ್ಯವಾಗಿ ಹುಡುಕುವುದು ಹೆಸರನ್ನು. ಫೈಲಿನ ಹೆಸರು 'ಸ್ಕ್ಯಾನ್ 0007' ಅಂತಿದ್ದರೆ ಅದು ಬಾಡಿಗೆ ಕರಾರು ಎಂದು ಪಾಪ ಅದಕ್ಕೆ ಹೇಗೆ ಗೊತ್ತಾಗಬೇಕು? ವಿಂಡೋಸ್‌ನ ಸ್ವಂತ ಹುಡುಕಾಟ ನಿಧಾನ. ಆದರೆ ವರ್ಡ್ ಫೈಲಿನ ಒಳಗಿರುವ ಪದಗಳನ್ನೂ ಮೊದಲೇ ಓದಿ ಪಟ್ಟಿ ಮಾಡಿಟ್ಟುಕೊಂಡಿರುತ್ತದೆ. ಪತ್ರದ ಹೆಸರು ಮರೆತು ಒಳಗಿನ ಒಂದು ಮಾತು ಮಾತ್ರ ನೆನಪಿದ್ದಾಗ ಕೈಹಿಡಿಯುವುದು ಇದೇ. ಮೊದಲಿಗೆ ಅದು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ಡೆಸ್ಕ್‌ಟಾಪ್ ಇಷ್ಟನ್ನೇ ಓದಿರುತ್ತದೆ. ಸೆಟ್ಟಿಂಗ್ಸ್‌ನ ಹುಡುಕಾಟದ ಭಾಗದಲ್ಲಿ 'ಕ್ಲಾಸಿಕ್' ಬದಲು 'ಎನ್‌ಹ್ಯಾನ್ಸ್ಡ್' ಆರಿಸಿದರೆ ಇಡೀ ಕಂಪ್ಯೂಟರನ್ನು ಓದುತ್ತದೆ. ಹಳೆಯ ಯಂತ್ರವಾದರೆ ಮೊದಲ ಸಲ ಓದಿ ಮುಗಿಸುವ ತನಕ ಸ್ವಲ್ಪ ಏದುಸಿರು ಬಿಡುತ್ತದೆ.

ನನಗೆ ಎವೆರಿಥಿಂಗ್, ಮನೆಯವರಿಗೆ ವಿಂಡೋಸ್ ಹುಡುಕಾಟ. ಎರಡೂ ಇದ್ದರೂ ಫೋಲ್ಡರ್ ಬಿಡಲಾಗಲಿಲ್ಲ. ಕಾರಣ, ಹುಡುಕಬೇಕಾದರೆ ಏನು ಇದೆ ಅಂತ ಮೊದಲೇ ಗೊತ್ತಿರಬೇಕು. 'ಶಾಲೆ' ಫೋಲ್ಡರ್ ತೆರೆದವರಿಗೆ ಏನೇನು ಇದೆ ಅಂತ ಕಣ್ಣಿಗೇ ಕಾಣುತ್ತದೆ. ಖಾಲಿ ಹುಡುಕುಪೆಟ್ಟಿಗೆ ಹಾಗೆ ಏನನ್ನೂ ತೋರಿಸುವುದಿಲ್ಲ.

ಡೌನ್‌ಲೋಡ್ಸ್ ಎಂಬ ಅಟ್ಟ

ಇಲ್ಲಿಗೆ ಬಂದ ಸಾಮಾನು ಕೆಳಗಿಳಿಯುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಸ್ಟೋರೇಜ್ ತೆರೆದರೆ 'ಸ್ಟೋರೇಜ್ ಸೆನ್ಸ್' ಸಿಗುತ್ತದೆ. ರೀಸೈಕಲ್ ಬಿನ್‌ನಲ್ಲಿ ಇಷ್ಟು ದಿನ ಕಳೆದದ್ದನ್ನು, ಡೌನ್‌ಲೋಡ್ಸ್‌ನಲ್ಲಿ ಇಷ್ಟು ದಿನ ತೆರೆಯದೇ ಇದ್ದದ್ದನ್ನು ತಾನಾಗಿ ಅಳಿಸುತ್ತದೆ. 1, 14, 30 ಅಥವಾ 60 ದಿನ ಅಂತ ಆರಿಸಬಹುದು. ರೀಸೈಕಲ್ ಬಿನ್‌ಗೆ ಧಾರಾಳವಾಗಿ ಹಾಕಿ. ಡೌನ್‌ಲೋಡ್ಸ್‌ಗೆ ನಾನು ಹಾಕುವುದಿಲ್ಲ. ಮನೆಯಲ್ಲಿ ಯಾರೋ ಒಬ್ಬರು ಹಾಲ್ ಟಿಕೆಟನ್ನು ಅಲ್ಲೇ ಬಿಟ್ಟಿರುತ್ತಾರೆ, ಗ್ಯಾರಂಟಿ.

ಇದಕ್ಕಿಂತ ಒಳ್ಳೆಯ ದಾರಿ ಬ್ರೌಸರ್‌ನಲ್ಲೇ ಇದೆ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಪ್ರತಿ ಸಲ ಎಲ್ಲಿ ಸೇವ್ ಮಾಡಬೇಕು ಎಂದು ಕೇಳುವಂತೆ ಮಾಡಬಹುದು. ಮೊದಲ ಕೆಲವು ದಿನ ಕಿರಿಕಿರಿ. ಆಮೇಲೆ ಫೈಲು ಬರುವಾಗಲೇ ಸರಿಯಾದ ಹೆಸರು ಹೊತ್ತು ಸರಿಯಾದ ಫೋಲ್ಡರಿಗೆ ಹೋಗುತ್ತದೆ. ನಾನು ಮಾಡಿದ ಎಲ್ಲ ಬದಲಾವಣೆಗಳಲ್ಲಿ ಜಾಸ್ತಿ ಫಲ ಕೊಟ್ಟದ್ದು ಈ ಒಂದು ಟಿಕ್ ಗುರುತು.

ಜಾಗ ಯಾವುದು ನುಂಗಿದೆ ಅಂತ ನೋಡಲು ವಿಂಡೋಸ್‌ನ ಸ್ಟೋರೇಜ್ ಪುಟವೂ ಸಾಕು. ಒಂದೊಂದು ಫೋಲ್ಡರಿನ ಲೆಕ್ಕ ಬೇಕು ಅಂದರೆ ವಿಜ್‌ಟ್ರೀ ಎಂಬ ಪ್ರೋಗ್ರಾಂ ಹಾಕಿಕೊಳ್ಳಿ. ಇದೇ ಕೆಲಸ ಮಾಡುವ ವಿನ್‌ಡರ್‌ಸ್ಟ್ಯಾಟ್ ಹೆಚ್ಚು ಹಳೆಯದು, ಬಣ್ಣದ ಚೌಕಗಳ ಚಿತ್ರ ಅದರಲ್ಲೂ ಬರುತ್ತದೆ.

ಒಂದೇ ಖಾತೆಯೋ, ಬೇರೆ ಬೇರೆಯೋ?

ಎಲ್ಲರಿಗೂ ಒಂದೇ ಲಾಗಿನ್ ಇದ್ದರೆ ಆರಾಮ, ಪಾಸ್‌ವರ್ಡ್ ಒಂದೇ. ಆದರೆ ಬ್ರೌಸರ್, ಗೋಡೆಚಿತ್ರ, ಡೆಸ್ಕ್‌ಟಾಪ್ ಎಲ್ಲವೂ ಒಂದೇ ಕಣದಲ್ಲಿ. ಬೇರೆ ಬೇರೆ ಖಾತೆ ಮಾಡಿದರೆ ಅವರವರ ಅಲಂಕಾರ ಅವರವರಿಗೆ. ಕಪ್ಪು ಥೀಮ್ ಬೇಕೋ ಬಿಳಿ ಬೇಕೋ ಎಂಬ ವಾದವೂ ಅಲ್ಲಿಗೆ ಮುಗಿಯಿತು. (ನನಗೆ ಹಗಲಿಗೆ ಬಿಳಿಯೇ ಇಷ್ಟ. ಓಎಲ್‌ಇಡಿ ಪರದೆಯಲ್ಲಿ ಕಪ್ಪು ಬಣ್ಣ ಕರೆಂಟು ಉಳಿಸುತ್ತದೆ. ಮಾಮೂಲಿ ಎಲ್‌ಸಿಡಿಯಲ್ಲಿ ಹಿಂದಿನ ದೀಪ ಹೇಗೂ ಉರಿಯುತ್ತಿರುತ್ತದೆ, ಅಂಥ ಉಳಿತಾಯ ಇಲ್ಲ.)

ಮಕ್ಕಳ ಖಾತೆಯನ್ನು ಅಡ್ಮಿನಿಸ್ಟ್ರೇಟರ್ ಮಾಡದೆ ಸ್ಟ್ಯಾಂಡರ್ಡ್ ಇಡಿ. ಇಡೀ ಕಂಪ್ಯೂಟರನ್ನು ಬದಲಿಸುವಂಥ ಪ್ರೋಗ್ರಾಂ ಹಾಕಲು ಹೋದರೆ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಎಲ್ಲರಿಗೂ ಬೇಕಾದ ಫೈಲುಗಳಿಗೆ ಸಿ ಡ್ರೈವಿನ ಯೂಸರ್ಸ್ ಒಳಗೆ 'ಪಬ್ಲಿಕ್' ಫೋಲ್ಡರ್ ಮೊದಲಿನಿಂದಲೇ ಇದೆ, ನಮ್ಮ ವಿಷಯವಾರು ಫೋಲ್ಡರುಗಳು ಇರುವುದು ಅಲ್ಲೇ. ಒಂದು ಎಚ್ಚರ: ಸೈನ್ ಔಟ್ ಮಾಡದೆ ಬರೀ ಖಾತೆ ಬದಲಿಸಿದರೆ ಹಿಂದಿನವರ ಪ್ರೋಗ್ರಾಂಗಳು ಮೆಮೊರಿಯಲ್ಲಿ ಓಡುತ್ತಲೇ ಇರುತ್ತವೆ. ಕಂಪ್ಯೂಟರ್ ನಿಧಾನ ಆಯಿತು ಅಂತ ದೂರು ಬಂದಾಗ ನಾನು ಮೊದಲು ನೋಡುವುದು ಇದನ್ನೇ.

ಕಿಟಕಿಗಳ ಜೋಡಣೆ

ಇಲ್ಲಿ ಜಾಸ್ತಿ ಹೇಳುವುದಕ್ಕಿಲ್ಲ. ವಿಂಡೋಸ್ ಕೀ ಜೊತೆ ಎಡ ಅಥವಾ ಬಲ ಬಾಣ ಒತ್ತಿದರೆ ಅರ್ಧ ಪರದೆ. ವಿಂಡೋಸ್ 11ರಲ್ಲಿ ಅದೇ ಕೀ ಜೊತೆ ಜೆಡ್ ಒತ್ತಿದರೆ ಮೂರು ನಾಲ್ಕು ಭಾಗದ ನಮೂನೆಗಳೂ ಬರುತ್ತವೆ. ಪವರ್‌ಟಾಯ್ಸ್‌ನ ಫ್ಯಾನ್ಸಿಝೋನ್ಸ್‌ನಲ್ಲಿ ನಮಗೆ ಬೇಕಾದ ಅಳತೆಯಲ್ಲಿ ಭಾಗ ಮಾಡಿಕೊಳ್ಳಬಹುದು. ಅಗಲವಾದ ದೊಡ್ಡ ಮಾನಿಟರ್ ಇದ್ದರೆ ಮಾತ್ರ ಅದರ ಸೊಗಸು ಗೊತ್ತಾಗುವುದು. ಲ್ಯಾಪ್‌ಟಾಪ್‌ಗೆ ಬಾಣವೇ ಸಾಕು. ಒಂದಕ್ಕಿಂತ ಹೆಚ್ಚು ಡೆಸ್ಕ್‌ಟಾಪ್ ಮಾಡಿಕೊಳ್ಳುವ ಸೌಲಭ್ಯವನ್ನು ನಾನು ಮೆಚ್ಚಿದೆ, ಮನೆಯವರು ಮೆಚ್ಚಲಿಲ್ಲ. ಇನ್ನೊಂದು ಡೆಸ್ಕ್‌ಟಾಪ್‌ಗೆ ಜಾರಿದಾಗ 'ನಾನು ಬರೆದದ್ದೆಲ್ಲ ಹೋಯ್ತು' ಅಂತ ಗಾಬರಿ ಆಗುತ್ತಾರೆ.

ನಕಲು: ಕ್ಲೌಡೋ, ಡಿಸ್ಕೋ?

ಒನ್‌ಡ್ರೈವ್‌ನಲ್ಲಿ ಉಚಿತವಾಗಿ 5 ಜಿಬಿ, ಗೂಗಲ್ ಡ್ರೈವ್‌ನಲ್ಲಿ 15 ಜಿಬಿ. ಕಾಗದಪತ್ರಕ್ಕೆ ಧಾರಾಳ, ಫೋಟೋ ವಿಡಿಯೋಗೆ ಏನೂ ಸಾಲದು. ಮೊಬೈಲಿನಲ್ಲೂ ತೆರೆದು ನೋಡಬಹುದು ಎಂಬುದು ಕ್ಲೌಡಿನ ದೊಡ್ಡ ಲಾಭ. ಆದರೆ ಇವು ಮೂಲತಃ ಎರಡು ಕಡೆಯನ್ನೂ ಒಂದೇ ಥರ ಇಡುವ ಏರ್ಪಾಡು. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಅಲ್ಲಿನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಅಷ್ಟರೊಳಗೆ ಗಮನಿಸಬೇಕು.

ಹೊರಗಿನ ಹಾರ್ಡ್ ಡಿಸ್ಕ್‌ಗೆ ತಿಂಗಳ ಬಾಡಿಗೆ ಇಲ್ಲ, ಜಾಗವೂ ಬೇಕಾದಷ್ಟು. ಕಂಟ್ರೋಲ್ ಪ್ಯಾನೆಲ್‌ನ 'ಫೈಲ್ ಹಿಸ್ಟರಿ' ಆನ್ ಮಾಡಿದರೆ ಡಿಸ್ಕ್ ಚುಚ್ಚಿದ್ದಾಗ ಗಂಟೆಗೊಮ್ಮೆ ನಕಲು ತೆಗೆಯುತ್ತದೆ, ಹಳೆಯ ಆವೃತ್ತಿಗಳನ್ನೂ ಉಳಿಸುತ್ತದೆ. ಆದರೆ ಸದಾ ಚುಚ್ಚಿಯೇ ಇಟ್ಟರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದಾಗ ಡಿಸ್ಕಿಗೂ ಬೀಗ ಬೀಳುತ್ತದೆ. ನಕಲು ತೆಗೆದು ಬಿಚ್ಚಿಡುವುದೇ ಕ್ಷೇಮ.

ನಾವು ಕಾಗದಪತ್ರಗಳನ್ನು ಎರಡೂ ಕಡೆ ಇಡುತ್ತೇವೆ, ಫೋಟೋಗಳನ್ನು ಎರಡು ಬೇರೆ ಬೇರೆ ಡಿಸ್ಕಿನಲ್ಲಿ. ಎರಡಕ್ಕೂ ಒಂದೊಂದು ಚೀಟಿ ಅಂಟಿಸಿ, ಕೊನೆಯ ನಕಲು ತೆಗೆದ ತಾರೀಕನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇವೆ. ಹಳೆಯ ತಾರೀಕಿನ ಡಿಸ್ಕ್ ಯಾವುದೋ, ಮುಂದಿನ ಸರದಿ ಅದರದ್ದು. ಆ ಕೆಲಸಕ್ಕೆ ಈಗ ನಾನೇ ಬೇಕು ಅಂತಿಲ್ಲ.