ಕಚ್ಚಿಕೊಂಡ ಕಾರ್ಬನ್ ಸೀಟ್ ಪೋಸ್ಟ್‌ಗೆ ಪೈಪ್ ರೆಂಚ್ ಹಾಕಬೇಡಿ

ನನ್ನ ಅಕ್ಕನ ಮಗನ ತೊಡೆಯಲ್ಲಿ ಒಂಬತ್ತು ಹೊಲಿಗೆಯ ಗುರುತಿದೆ. ಅದು ನನ್ನ ಸೈಕಲ್‌ನಿಂದ ಆದದ್ದು. ಅವನು ಜೋರಾಗಿ ಓಡಿಸಿರಲಿಲ್ಲ, ಯಾವ ಗಾಡಿಯೂ ಅಡ್ಡ ಬಂದಿರಲಿಲ್ಲ. ಸೀಟನ್ನು ಹೊತ್ತು ಫ್ರೇಮಿನೊಳಗೆ ಇಳಿಯುವ ಕೊಳವೆ, ಅಂದರೆ ಸೀಟ್ ಪೋಸ್ಟ್, ತುಂಡಾಯಿತು, ಅಷ್ಟೆ. ಅದು ತುಂಡಾಗುವುದಕ್ಕೆ ಒಂದು ವಾರದ ಮೊದಲು ನಾನು ಏನು ಮಾಡಿದ್ದೆ ಎಂದು ಬರೆದರೆ, ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಕಡೆ ಸೈಕಲ್ ಓಡಿಸುವ ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಇಲ್ಲಿನ ಮಳೆಗೆ ಪೋಸ್ಟ್ ಫ್ರೇಮಿಗೆ ಕಚ್ಚಿಕೊಳ್ಳುವ ತೊಂದರೆ ಬೇರೆ ಊರಿಗಿಂತ ಬೇಗ ಬರುತ್ತದೆ.

ಸೈಕಲ್ ಬೆಂಗಳೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ರೋಡ್ ಬೈಕ್. ಅಲ್ಯೂಮಿನಿಯಂ ಫ್ರೇಮು, 27.2 ಮಿ.ಮೀ. ದಪ್ಪದ ಕಾರ್ಬನ್ ಫೈಬರ್ ಸೀಟ್ ಪೋಸ್ಟು. ಸೀಟಿನ ಎತ್ತರ ನನಗೆ ಸರಿಯಾಗಿತ್ತು. ಹಾಗಾಗಿ ತಂದ ದಿನದಿಂದ ಪೋಸ್ಟನ್ನು ಬಿಗಿಯುವ ಬೋಲ್ಟನ್ನು ಮುಟ್ಟಲೇ ಇಲ್ಲ. ಎರಡು ಮಳೆಗಾಲ ಅದರಲ್ಲೇ ಓಡಾಡಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಫ್ರೇಮಿನ ಒಳಗೆ ಹೋದ ನೀರು ಒಣಗುತ್ತದಾ? ಹಿಂದಿನ ಚಕ್ರ ಎರಚುವ ಕೆಂಪು ನೀರು ನೇರವಾಗಿ ಸೀಟ್ ಟ್ಯೂಬಿನ (ಪೋಸ್ಟ್ ಇಳಿಯುವ ಫ್ರೇಮಿನ ಕೊಳವೆ) ಹಿಂದಿನ ಸೀಳಿಗೇ ಹೊಡೆಯುತ್ತದೆ. ಏರು ಹತ್ತುವಾಗ ಮೈಯಿಂದ ಇಳಿಯುವ ಬೆವರಿನಲ್ಲಿ ಉಪ್ಪು ಬೇರೆ ಇರುತ್ತದೆ.

ಕಾರ್ಬನ್‌ಗೆ ತುಕ್ಕು ಹಿಡಿಯುವುದಿಲ್ಲ ಅಂತ ನಾನು ನೆಮ್ಮದಿಯಾಗಿದ್ದೆ. ಅದು ನಿಜವೂ ಹೌದು. ಆದರೆ ಕಾರ್ಬನ್ ಪಕ್ಕದಲ್ಲಿರುವ ಅಲ್ಯೂಮಿನಿಯಂ ಸವೆಯುತ್ತದೆ. ಹಳೇ ಟಾರ್ಚ್ ಸೆಲ್ ಒಡೆದು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಡುವೆ ಕಪ್ಪು ಕಾರ್ಬನ್ ಕಡ್ಡಿ, ಸುತ್ತ ಸತುವಿನ ಡಬ್ಬಿ, ಮಧ್ಯೆ ಒದ್ದೆ ಪುಡಿ. ಕಡ್ಡಿಗೆ ಏನೂ ಆಗುವುದಿಲ್ಲ, ಡಬ್ಬಿಯೇ ಕರಗುತ್ತಾ ಹೋಗುತ್ತದೆ. ಸೈಕಲ್‌ನಲ್ಲೂ ಹಾಗೇ. ಕಾರ್ಬನ್ ನಾರು ವಿದ್ಯುತ್ ಹರಿಸುತ್ತದೆ. ಅದಕ್ಕೆ ಅಲ್ಯೂಮಿನಿಯಂ ತಾಗಿ, ಮಧ್ಯೆ ಉಪ್ಪುನೀರು ನಿಂತರೆ ಸೆಲ್ ತಯಾರಾಯಿತು. ಸವೆದ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಮೊದಲಿದ್ದ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಇರುವುದೇ ಕೂದಲೆಳೆಯಷ್ಟು ಸಂದು. ಅದರೊಳಗೆ ಉಬ್ಬಿ ಉಬ್ಬಿ ಪೋಸ್ಟನ್ನು ಸುತ್ತಲಿಂದ ಕಚ್ಚಿಕೊಳ್ಳುತ್ತದೆ.

ತೋಟ ಇರುವವರಿಗೆ ಇನ್ನೊಂದು ಮಾತು. ಮೈಲುತುತ್ತ (ಕಾಪರ್ ಸಲ್ಫೇಟ್) ಇಟ್ಟ ಶೆಡ್ಡಿನಲ್ಲಿ, ಅದಕ್ಕೆ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಯುವ ಪಂಪಿನ ಪಕ್ಕದಲ್ಲಿ ಸೈಕಲ್ ನಿಲ್ಲಿಸಬೇಡಿ. ತಾಮ್ರದ ಉಪ್ಪು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ನನ್ನ ಸೈಕಲ್ ಎರಡು ವರ್ಷ ನಿಂತದ್ದು ಅಲ್ಲೇ.

ದಸರಾ ರಜೆಗೆ ಅಕ್ಕನ ಮಗ ಬಂದ. ಹದಿನಾರು ವರ್ಷ. "ಮಾಮ, ನಾನೂ ಓಡಿಸ್ತೀನಿ" ಎಂದ. ಅವನ ಕಾಲಿಗೆ ಸೀಟು ಮೂರು ಬೆರಳು ಇಳಿಯಬೇಕಿತ್ತು. ಬೋಲ್ಟ್ ಸಡಿಲಿಸಿ ಒತ್ತಿದೆ, ಅಲ್ಲಾಡಲಿಲ್ಲ. ಸೀಟನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿದೆ, ಫ್ರೇಮೇ ತಿರುಗಿತು. ಮರದ ತುಂಡು ಇಟ್ಟು ಸುತ್ತಿಗೆಯಲ್ಲಿ ಬಡಿದೆ. ಏನೂ ಆಗಲಿಲ್ಲ.

ಅಲ್ಲಿಗೆ ಕೈ ಬಿಟ್ಟಿದ್ದರೆ ಸಾಕಿತ್ತು. ನಾನು ಬೈಕು, ಪಿಕಪ್ಪು ರಿಪೇರಿ ಮಾಡುವ ಒಂದು ವರ್ಕ್‌ಶಾಪಿಗೆ ತೆಗೆದುಕೊಂಡು ಹೋದೆ. ಅವರನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅವರು ಒಳ್ಳೆಯ ಕೆಲಸಗಾರರು, ಕಬ್ಬಿಣಕ್ಕೆ ಏನು ಮಾಡಬೇಕೋ ಅದನ್ನೇ ಮಾಡಿದರು. ಇದು ಕಬ್ಬಿಣ ಅಲ್ಲ ಎಂದು ಹೇಳಬೇಕಾಗಿದ್ದವನು ನಾನು. "ಅಣ್ಣ, ಜಾಮ್ ಆಗಿದೆ, ಹೇಗಾದರೂ ಬಿಡಿಸಿ" ಎಂದಷ್ಟೇ ಹೇಳಿದೆ.

ಅವರು ಮೊದಲು ಹೀಟ್ ಗನ್ ತೆಗೆದು ಪೋಸ್ಟಿನ ಮೇಲೆಯೇ ಹಿಡಿದರು. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟ ಹಾಗೆ ವಾಸನೆ ಬಂತು. ಹೊಳಪು ಹೋಗಿ ಅಲ್ಲಿ ಬೂದುಬಣ್ಣ ಕಂಡಿತು. ಆಮೇಲೆ ಪೈಪ್ ರೆಂಚ್ ಹಾಕಿ, ಹಿಡಿಗೆ ಕೊಳವೆ ಸಿಕ್ಕಿಸಿ ಇಬ್ಬರು ಎಳೆದರು. ಒಣಗಿದ ಬಿದಿರು ಸೀಳಿದ ಹಾಗೆ ಚಟಚಟ ಶಬ್ದ. "ಬಂತು ನೋಡಿ" ಎಂದರು. ಪೋಸ್ಟ್ ಕಾಲು ಸುತ್ತು ತಿರುಗಿತ್ತು. ಮೇಲಿಂದ ಬಡಿದಾಗ ಎರಡು ಬೆರಳಿನಷ್ಟು ಕೆಳಗೂ ಇಳಿಯಿತು. ಅಲ್ಲಿಗೆ ಮತ್ತೆ ಕಚ್ಚಿಕೊಂಡಿತು. ಹುಡುಗನ ಕಾಲು ಪೆಡಲಿಗೆ ಎಟುಕುವಷ್ಟಾಗಿತ್ತಲ್ಲ, ಸಾಕು ಎಂದು ಮನೆಗೆ ತಂದೆ.

ಇಲ್ಲಿ ಆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾರ್ಬನ್ ಪೋಸ್ಟ್ ಅಂದರೆ ನಾರಿನ ಪದರಗಳು, ಅವನ್ನು ಹಿಡಿದಿಡುವ ಎಪಾಕ್ಸಿ ಅಂಟು. ನಾರಿನ ಉದ್ದಕ್ಕೆ ಎಳೆದರೆ ಬಹಳ ಗಟ್ಟಿ. ಪಕ್ಕದಿಂದ ಒಂದೇ ಕಡೆ ಅಮುಕಿದರೆ, ಹಲ್ಲಿನಿಂದ ಕಚ್ಚಿದರೆ ಆ ಗಟ್ಟಿತನ ಇರುವುದಿಲ್ಲ. ರೆಂಚಿನ ಹಲ್ಲು ಮೇಲಿನ ನಾರನ್ನು ಕತ್ತರಿಸುತ್ತದೆ, ಒಳಗಿನ ಪದರಗಳು ಒಂದರಿಂದ ಒಂದು ಬಿಟ್ಟುಕೊಳ್ಳುತ್ತವೆ. ವೈಸ್‌ನಲ್ಲಿ ಹಾಕಿ ಬಿಗಿದರೂ ಅಷ್ಟೇ. ಬಿಸಿ ಹತ್ತಿದರೆ ಅಂಟು ಮೆತ್ತಗಾಗುತ್ತದೆ. ಹೀಟ್ ಗನ್ನಿನ ಗಾಳಿ 500 ಡಿಗ್ರಿಗೂ ಹೋಗಬಲ್ಲದು, ಆ ಅಂಟು ಅದರ ಕಾಲು ಭಾಗವನ್ನೂ ಸರಿಯಾಗಿ ತಡೆಯಲಾರದು. ನನ್ನ ವಿಷಯದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ರೆಂಚ್ ಕಚ್ಚಿದ್ದು ಕ್ಲಾಂಪಿಗಿಂತ, ಅಂದರೆ ಪೋಸ್ಟನ್ನು ಬಿಗಿದು ಹಿಡಿಯುವ ಪಟ್ಟಿಗಿಂತ, ಸ್ವಲ್ಪ ಮೇಲೆ. ಪೋಸ್ಟ್ ಎರಡು ಬೆರಳು ಇಳಿದಾಗ ಆ ಗಾಯದ ಜಾಗ ಸರಿಯಾಗಿ ಕ್ಲಾಂಪಿನ ಬಾಯಿಗೆ ಬಂದು ಕೂತಿತು. ಕೂತವರ ಭಾರಕ್ಕೆ ಪೋಸ್ಟ್ ಬಾಗಲು ನೋಡುವುದು ಅಲ್ಲೇ. ಅತಿ ಹೆಚ್ಚು ಒತ್ತಡ ಬೀಳುವ ಜಾಗಕ್ಕೆ ಅತಿ ದುರ್ಬಲವಾದ ಭಾಗವನ್ನು ನಾವೇ ತಂದು ಇಟ್ಟೆವು.

ಗೀರುಗಳು ನನಗೆ ಕಂಡಿದ್ದವು. ಮೇಲಿನ ಗೀರು ಎಂದುಕೊಂಡೆ. ಕಬ್ಬಿಣ ಬಾಗುತ್ತದೆ, ಅಲ್ಯೂಮಿನಿಯಂ ಕೂಡ ಎಷ್ಟೋ ಸಲ ಮೊದಲು ಬಿರುಕು ತೋರಿಸುತ್ತದೆ. ಕಾರ್ಬನ್ ಕೊನೆಯ ಕ್ಷಣದವರೆಗೆ ನೆಟ್ಟಗೆ ನಿಂತಿದ್ದು ಒಂದೇ ಸಲಕ್ಕೆ ಹೋಗಬಹುದು.

ಒಂದು ವಾರ ಅವನು ಓಣಿಯಲ್ಲಿ, ಪೇಟೆಯಲ್ಲಿ ಓಡಿಸಿದ. ಭಾನುವಾರ ಬೆಳಿಗ್ಗೆ ಸುಂಟಿಕೊಪ್ಪದ ಕಡೆ ಹೊರಟೆವು, ಅವನು ಮುಂದೆ, ನಾನು ಸ್ನೇಹಿತನ ಸೈಕಲ್‌ನಲ್ಲಿ ಹಿಂದೆ. ಬೋಯಿಕೇರಿ ದಾಟಿದ ಮೇಲೆ ರಸ್ತೆಯಲ್ಲಿ ಸಣ್ಣ ಗುಂಡಿ ಸಿಕ್ಕಿತು. ಅವನು ಕೂತೇ ಇದ್ದ. ಪಟ್ ಎಂದು ಶಬ್ದ, ಸೀಟು ಹಿಂದಕ್ಕೆ ಹಾರಿತು. ಫ್ರೇಮಿನಲ್ಲಿ ಉಳಿದ ಮೊಂಡು ಚೂಪಾಗಿ ಎರಡು ಬೆರಳು ಮೇಲೆ ನಿಂತಿತ್ತು, ಅವನು ಅದರ ಮೇಲೆಯೇ ಕುಸಿದ. ತೊಡೆಯ ಒಳಭಾಗ ಸೀಳಿತು. ಸ್ವಲ್ಪ ಈಚೆಗೆ ಸರಿದಿದ್ದರೆ ಎಂದು ನೆನೆದರೆ ಈಗಲೂ ಕೈ ನಡುಗುತ್ತದೆ. ಆ ಹೊತ್ತಿಗೆ ಹಿಂದಿನಿಂದ ಬಸ್ಸು, ಲಾರಿ ಬರಲಿಲ್ಲ.

ಆಸ್ಪತ್ರೆಯಲ್ಲಿ ಗಾಯ ತೊಳೆಯುವುದಕ್ಕೇ ಬಹಳ ಹೊತ್ತು ಹಿಡಿಯಿತು. ಮುರಿದ ಕಾರ್ಬನ್ ಸೂಜಿಯಂಥ ಸಣ್ಣ ಸಣ್ಣ ಮುಳ್ಳು ಬಿಡುತ್ತದೆ. ಎಕ್ಸ್‌ರೇಯಲ್ಲಿ ಅದು ಕಬ್ಬಿಣದ ಚೂರಿನ ಹಾಗೆ ಎದ್ದು ಕಾಣುವುದಿಲ್ಲ. ಎಕ್ಸ್‌ರೇ ಕಿರಣ ಕಾರ್ಬನ್ ಮೂಲಕ ಸಲೀಸಾಗಿ ಹಾದುಹೋಗುತ್ತದೆ ಅಂತಲೇ ರೋಗಿ ಮಲಗುವ ಹಲಗೆಯನ್ನು ಅದರಲ್ಲಿ ಮಾಡುತ್ತಾರೆ. ಹಾಗಾಗಿ ಕಣ್ಣಿನಿಂದ ಹುಡುಕಿ ಹುಡುಕಿ ಚಿಮಟಿಯಲ್ಲಿ ತೆಗೆಯಬೇಕಾಯಿತು. ಯಾರಿಗಾದರೂ ಹೀಗಾದರೆ, ಚುಚ್ಚಿದ್ದು ಕಾರ್ಬನ್ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಅಕ್ಕ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಉಳಿದ ಮೊಂಡನ್ನು ಆಮೇಲೆ ತೆಗೆದದ್ದು ಮೈಸೂರಿನಲ್ಲಿ, ಸೈಕಲ್ ಕೆಲಸ ಮಾತ್ರ ಮಾಡುವವರೊಬ್ಬರ ಹತ್ತಿರ. ಪಕ್ಕದಲ್ಲೇ ಕೂತು ನೋಡಿದೆ, ಕೈಯೂ ಹಾಕಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸ ಅದು.

ಅವರು ಮೊದಲು ಕ್ಲಾಂಪನ್ನು ಪೂರ್ತಿ ಬಿಚ್ಚಿ ಪಕ್ಕಕ್ಕಿಟ್ಟರು. ಫ್ರೇಮನ್ನು ತಲೆಕೆಳಗೆ ಮಾಡಿ, ಪೆಡಲ್ ಆಕ್ಸಲಿನ ಬೇರಿಂಗ್ ತೆಗೆದು, ಆ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಬಿಟ್ಟರು. ಮೇಲಿಂದ ಹಾಕಿದರೆ ಬಾಯಿಯಲ್ಲೇ ನಿಲ್ಲುತ್ತದೆ, ಕಚ್ಚಿಕೊಂಡಿರುವುದು ಕೆಳಗೆ. ಮೂರು ದಿನ ಹಾಗೇ ಬಿಟ್ಟರು. ಆಮೇಲೆ ಬಿಸಿನೀರು. ಸೀಟ್ ಟ್ಯೂಬಿಗೆ ಬಟ್ಟೆ ಸುತ್ತಿ ಕೆಟಲ್‌ನಿಂದ ಹೊಯ್ದರು, ಬೆಂಕಿ ಮುಟ್ಟಿಸಲೇ ಇಲ್ಲ. ಇದರ ಲೆಕ್ಕ ನನಗೆ ಬಹಳ ಹಿಡಿಸಿತು. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುತ್ತದೆ, ಕಾರ್ಬನ್ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. 60 ಡಿಗ್ರಿ ಬಿಸಿ ಏರಿಸಿದರೆ 27.2 ಮಿ.ಮೀ. ತೂತು ಸುಮಾರು 0.04 ಮಿ.ಮೀ. ದೊಡ್ಡದಾಗುತ್ತದೆ. ತಲೆಗೂದಲಿನ ಅರ್ಧ ದಪ್ಪ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದಂತೆ. ಪೋಸ್ಟ್ ಮುರಿಯದೇ ಇದ್ದರೆ, ಆ ಬಿಸಿಯಲ್ಲೇ ಸೀಟನ್ನು ಕೈಯಲ್ಲಿ ಹಿಡಿದು ಆಚೆ ಈಚೆ ನಿಧಾನವಾಗಿ ತಿರುಗಿಸಿ ನೋಡಬೇಕು. ಹಿಡಿಗೆ ಕೊಳವೆ ಸಿಕ್ಕಿಸಿ ಎಳೆಯಬಾರದು. ಬಾರದಿದ್ದರೆ ಮತ್ತೆ ಎಣ್ಣೆ, ಮತ್ತೆ ಎರಡು ದಿನ.

ನಿಮ್ಮದು ಉಲ್ಟಾ ಇದ್ದರೆ, ಅಂದರೆ ಕಾರ್ಬನ್ ಫ್ರೇಮಿನಲ್ಲಿ ಅಲ್ಯೂಮಿನಿಯಂ ಪೋಸ್ಟ್ ಕಚ್ಚಿದ್ದರೆ, ಬಿಸಿ ಮಾಡಬೇಡಿ. ಒಳಗಿನ ಪೋಸ್ಟೇ ಹಿಗ್ಗಿ ಇನ್ನೂ ಬಿಗಿಯಾಗುತ್ತದೆ. ಅಲ್ಲಿ ಪೋಸ್ಟಿಗೆ ಮಂಜುಗಡ್ಡೆ ಇಟ್ಟು ತಣ್ಣಗೆ ಮಾಡಬೇಕು.

ನನ್ನ ಮೊಂಡು ಬಿಸಿನೀರಿಗೂ ಬಗ್ಗಲಿಲ್ಲ. ಕೊನೆಗೆ ಹಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ, ಮೊಂಡಿನ ಒಳಗಿನಿಂದ ಉದ್ದಕ್ಕೆ ಎರಡು ಸೀಳು ಹಾಕಿದರು. ನಾಲ್ಕು ಉಜ್ಜಿಗೊಮ್ಮೆ ಟಾರ್ಚ್ ಬಿಟ್ಟು ನೋಡುತ್ತಿದ್ದರು. ಬ್ಲೇಡು ಕಪ್ಪು ಪುಡಿ ಬಿಟ್ಟು ಬೆಳ್ಳಗೆ ಹೊಳೆಯುವ ಚೂರು ತಂದರೆ ಫ್ರೇಮಿಗೆ ತಾಗಿತು ಎಂದರ್ಥ, ಅಲ್ಲಿಗೆ ನಿಲ್ಲಿಸಬೇಕು. ಸೀಳುಗಳ ಮಧ್ಯದ ಪಟ್ಟಿಯನ್ನು ಕಟಿಂಗ್ ಪ್ಲೇಯರ್‌ನಲ್ಲಿ ಒಳಕ್ಕೆ ಮಡಚಿ ಎಳೆದರು. ಪಟ್ಟಿ ಬಂದ ಮೇಲೆ ಉಳಿದದ್ದು ಹಿಡಿತ ಬಿಟ್ಟಿತು. ನಾಲ್ಕು ಗಂಟೆಯ ಕೆಲಸ. ಆಚೆ ಬಂದ ಚೂರಿನ ಹೊರಮೈಯೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಇಷ್ಟು ಹೊತ್ತೂ ಇಬ್ಬರೂ ಮಾಸ್ಕ್, ಕೈಗೆ ಗ್ಲೌಸ್ ಹಾಕಿದ್ದೆವು. ಪುಡಿ ಹಾರದಂತೆ ನೀರು ಚಿಮುಕಿಸುತ್ತಿದ್ದೆವು. ಆ ಪುಡಿ ಮೂಗಿಗೆ ಹೋಗಬಾರದು, ಚರ್ಮಕ್ಕೂ ಕೆರೆತ ಬರುತ್ತದೆ. ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೇ ಎಸೆಯಿರಿ.

ಕಾಸ್ಟಿಕ್ ಸೋಡಾ ಹಾಕಿದರೆ ಕರಗುತ್ತದೆ ಎಂದು ನನಗೂ ಒಬ್ಬರು ಹೇಳಿದ್ದರು. ದಯವಿಟ್ಟು ಬೇಡ. ಅದು ಕರಗಿಸುವುದು ಅಲ್ಯೂಮಿನಿಯಂ ಅನ್ನು. ಇಲ್ಲಿ ಅಲ್ಯೂಮಿನಿಯಂ ಇರುವುದು ಫ್ರೇಮು, ಪೋಸ್ಟ್ ಅಲ್ಲ. ಫ್ರೇಮು ತೆಳ್ಳಗಾಗುತ್ತದೆ, ಪೋಸ್ಟ್ ಹಾಗೇ ಇರುತ್ತದೆ. ಕೆಲಸ ನಡೆಯುವಾಗ ಹೈಡ್ರೋಜನ್ ಬರುತ್ತದೆ, ಅದು ಕಿಡಿ ಕಂಡರೆ ಹೊತ್ತಿಕೊಳ್ಳುತ್ತದೆ. ಸೋಡಾದ ನೀರು ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು.

ನಾನು ಗಟ್ಟಿಯಾಗಿ ಹೇಳಬೇಕೆಂದಿರುವುದು ಇದು. ಕಾರ್ಬನ್ ಪೋಸ್ಟಿಗೆ ಒಂದು ಸಲ ರೆಂಚೋ, ವೈಸೋ, ಹೀಟ್ ಗನ್ನೋ ಮುಟ್ಟಿದರೆ ಆ ಪೋಸ್ಟಿನ ಕಥೆ ಮುಗಿಯಿತು. ಹೊರಗೆ ಎಷ್ಟೇ ಚೆನ್ನಾಗಿ ಕಾಣಲಿ, ಅದರ ಮೇಲೆ ಯಾರನ್ನೂ ಕೂರಿಸಬೇಡಿ, ಓಣಿ ತುದಿಯವರೆಗೂ ಬೇಡ. ನಾಣ್ಯದಲ್ಲಿ ತಟ್ಟಿ ನೋಡಿದರೆ ಒಳಗೆ ಪದರ ಬಿಟ್ಟ ಕಡೆ ಟಣ್ ಎನ್ನುವ ಬದಲು ಮಂಕಾದ ಶಬ್ದ ಬರುತ್ತದೆ. ಹಾಗೆ ಬಂದರೆ ಕೆಟ್ಟಿದೆ ಎಂದು ಖಚಿತ ಮಾಡಿಕೊಳ್ಳಿ. ಬರದಿದ್ದರೆ ಚೆನ್ನಾಗಿದೆ ಎಂದು ನಂಬಬೇಡಿ. ಪೋಸ್ಟ್ ಉಳಿಸಬೇಕೆಂಬ ಆಸೆಯಿಂದಲೇ ಈ ಅನಾಹುತವೆಲ್ಲ ಶುರುವಾಗುವುದು. ಅದನ್ನು ಮೊದಲೇ ಬಿಟ್ಟುಬಿಟ್ಟರೆ ಕೆಲಸ ಸುಲಭ, ಫ್ರೇಮೂ ಉಳಿಯುತ್ತದೆ.

ಈಗ ಸೈಕಲ್‌ನಲ್ಲಿ ಅಲ್ಯೂಮಿನಿಯಂ ಪೋಸ್ಟಿದೆ, ಗ್ರೀಸ್ ಸವರಿ ಹಾಕಿದ್ದೇನೆ. ಕಾರ್ಬನ್ನೇ ಇಟ್ಟುಕೊಳ್ಳುವವರು ಗ್ರೀಸ್ ಹಾಕಬೇಡಿ. ಗ್ರೀಸಿಗೆ ಪೋಸ್ಟ್ ಜಾರುತ್ತದೆ, ಜಾರುತ್ತದೆ ಎಂದು ಬೋಲ್ಟ್ ಜಾಸ್ತಿ ಬಿಗಿಯುತ್ತೇವೆ, ಬಿಗಿದರೆ ಬಿರಿಯುತ್ತದೆ. ಅದಕ್ಕೆಂದೇ ಕಾರ್ಬನ್ ಪೇಸ್ಟ್ ಸಿಗುತ್ತದೆ. ಅದರಲ್ಲಿ ಸಣ್ಣ ಮರಳಿನಂಥ ಕಣ ಇದ್ದು ಕಡಿಮೆ ಬಿಗಿಗೇ ಹಿಡಿದು ನಿಲ್ಲುತ್ತದೆ. ಬಿಗಿಯುವ ಲೆಕ್ಕ ಕ್ಲಾಂಪಿನ ಮೇಲೇ ಬರೆದಿರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಚಕ್ರದ ಹಳೇ ರಬ್ಬರ್ ಟ್ಯೂಬಿನ ತುಂಡು ಕತ್ತರಿಸಿ ಕ್ಲಾಂಪಿನ ಮೇಲೆ ಎಳೆದುಕೊಂಡರೆ ಚಕ್ರದ ನೀರು ಸೀಳಿಗೆ ಹೋಗುವುದಿಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಎತ್ತರದ ಗುರುತಿಗೆ ಟೇಪ್ ಸುತ್ತಿ ಪೋಸ್ಟನ್ನು ಪೂರ್ತಿ ಹೊರಗೆ ತೆಗೆಯಿರಿ. ಸೈಕಲನ್ನು ತಲೆಕೆಳಗೆ ಮಾಡಿ ನೀರು ಬಸಿಯಲು ಬಿಡಿ, ಒಳಗೆ ಒಣಬಟ್ಟೆಯಲ್ಲಿ ಒರೆಸಿ. ಹತ್ತು ನಿಮಿಷದ ಕೆಲಸ.

ಹುಡುಗ ಈ ಸಲ ಕಕ್ಕಡ ತಿಂಗಳ ಮಳೆಯಲ್ಲಿ ಬಂದಿದ್ದ. ನಾನು ಹೇಳುವ ಮೊದಲೇ ಅಲೆನ್ ಕೀ ತಂದು ಅವನ ಸೈಕಲ್‌ನ ಪೋಸ್ಟ್ ಹೊರಗೆ ಎಳೆದ. ಅವನದ್ದೂ ಅಲ್ಯೂಮಿನಿಯಂ ಫ್ರೇಮು, ಕಾರ್ಬನ್ ಪೋಸ್ಟು. ಒರೆಸಿದ ಬಟ್ಟೆಯನ್ನು ನನ್ನ ಮುಂದೆ ಹಿಡಿದ. ಹಿಂದಿನ ಸಲ ತೆಗೆದು ಮೂರು ವಾರ ಆಗಿತ್ತು ಅಷ್ಟೆ. ಬಟ್ಟೆಯ ಮೇಲೆ ತೆಳ್ಳಗೆ ಬಿಳಿ ಪುಡಿ ಆಗಲೇ ಇತ್ತು.