‘ಎಲ್ಲಾ ಕನ್ಸೋಲ್‌ಗೂ ಆಗುತ್ತೆ’ ಅನ್ನೋ ಮಾತು ನಂಬಿ ಹೆಡ್‌ಸೆಟ್ ತಗೋಬೇಡಿ

ಕೈಯಲ್ಲಿ ಹಿಡಿದು ಆಡುವ ಕನ್ಸೋಲ್‌ಗೆ ಗೇಮಿಂಗ್ ಹೆಡ್‌ಸೆಟ್ ತಗೊಳ್ಳೋಣ ಅಂತ ಯೋಚನೆ ಮಾಡುತ್ತಿದ್ದರೆ, ಆರ್ಡರ್ ಹಾಕುವ ಮುಂಚೆ ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ದುಡ್ಡು ಹೋಯಿತು. ನಿಮ್ಮದು ಹೋಗುವುದು ಬೇಡ.

ನನ್ನ ಹತ್ತಿರ ಇರುವುದು ನಿಂಟೆಂಡೊ ಸ್ವಿಚ್, ಮೊದಲು ಬಂದ ಮಾಡೆಲ್. ನಾನು ಆಡುವುದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ. ಸ್ಪೀಕರ್ ಹಾಕಿದರೆ ಅವರ ನಿದ್ದೆ ಕೆಡುತ್ತದೆ, ಅದಕ್ಕೇ ಹೆಡ್‌ಸೆಟ್ ಬೇಕಿತ್ತು. ಗೆಳೆಯರ ಜೊತೆ ಫೋರ್ಟ್‌ನೈಟ್ ಆಡುವಾಗ ಮಾತಾಡೋದಕ್ಕೆ ಮೈಕ್ ಕೂಡ ಬೇಕು. ವೈರ್ ಮಾತ್ರ ಬೇಡ ಅನ್ನಿಸಿತ್ತು. ಎರಡು ವಾರ ಹುಡುಕಿ ಒಂದು ಬ್ಲೂಟೂತ್ ಹೆಡ್‌ಸೆಟ್ ಆರಿಸಿದೆ. ಕಂಪನಿ ಹೆಸರು ಬೇಕಂತಲೇ ಹೇಳುತ್ತಿಲ್ಲ. ಇದೇ ತರದ ಡಬ್ಬಿ, ಇದೇ ತರದ ಮಾತು ಎಷ್ಟೋ ಕಂಪನಿಗಳದ್ದು ಇದೆ. ಹೆಸರು ಹೇಳಿದರೆ ನೀವು ಅದೊಂದನ್ನು ಬಿಟ್ಟು ಪಕ್ಕದ್ದನ್ನು ತಗೊಂಡು ಅದೇ ಗುಂಡಿಗೆ ಬೀಳುತ್ತೀರಿ.

50 ಎಂಎಂ ಡ್ರೈವರ್ (ಕಪ್ಪಿನೊಳಗೆ ಸದ್ದು ಹೊರಡಿಸುವ ಭಾಗ), 7.1 ಸರೌಂಡ್ (ಸುತ್ತಲೂ ಸ್ಪೀಕರ್ ಇಟ್ಟ ಹಾಗೆ ಕೇಳಿಸುವುದು), ಮಡಚುವ ಮೈಕ್, ಬಣ್ಣಬಣ್ಣದ ಲೈಟು, ಎಲ್ಲ ಇತ್ತು. ಡಬ್ಬಿ ಮೇಲೆ ಪಿಸಿ, ಮೊಬೈಲ್, ಕನ್ಸೋಲ್‌ಗಳ ಪುಟ್ಟ ಚಿತ್ರಗಳು ಸಾಲಾಗಿದ್ದವು. ಒಂದೊಂದರ ಪಕ್ಕವೂ ಹಸಿರು ಟಿಕ್. ಸ್ವಿಚ್ ಚಿತ್ರದ ಪಕ್ಕವೂ ಟಿಕ್ ಇತ್ತು. ಆ ಒಂದು ಟಿಕ್ ನೋಡಿಯೇ ನಾನು ತಗೊಂಡಿದ್ದು.

ಬಂದ ದಿನ ಮೊದಲು ಫೋನಿಗೆ ಹಾಕಿ ನೋಡಿದೆ. ಸೌಂಡ್ ಚೆನ್ನಾಗಿತ್ತು. ಒಂದು ವಿಡಿಯೊ ನೋಡಿದೆ, ತುಟಿಗೂ ಮಾತಿಗೂ ಸರಿಯಾಗಿ ಹೊಂದುತ್ತಿತ್ತು. ಒಬ್ಬರಿಗೆ ಕಾಲ್ ಮಾಡಿದೆ, ‘ನಿನ್ನ ದನಿ ಕ್ಲಿಯರ್ ಆಗಿ ಕೇಳಿಸ್ತಿದೆ’ ಅಂದರು. ಖುಷಿಯಲ್ಲಿ ಡಬ್ಬಿಯ ಒಳಗಿದ್ದ ಪ್ಲಾಸ್ಟಿಕ್ಕನ್ನೆಲ್ಲ ಹರಿದು ಬಿಸಾಕಿದೆ. ಇದನ್ನು ಮಾತ್ರ ನೀವು ಮಾಡಬೇಡಿ. ಕನ್ಸೋಲ್‌ಗೆ ಹಾಕಿ ಒಂದು ಗಂಟೆ ಆಡುವ ತನಕ ಒಂದು ಚೂರು ಪ್ಲಾಸ್ಟಿಕ್ಕನ್ನೂ ಬಿಸಾಕಬೇಡಿ.

ರಾತ್ರಿ ಸ್ವಿಚ್‌ಗೆ ಜೋಡಿಸಿದೆ, ತಕ್ಷಣ ಕನೆಕ್ಟ್ ಆಯಿತು. ಒಂದು ಜಿಗಿಯುವ ಆಟ ಶುರು ಮಾಡಿದೆ. ಬಟನ್ ಒತ್ತಿದರೆ ಆ ಬೊಂಬೆ ಹಾರಿ, ಮೇಲೆ ಹೋಗಿ, ಇನ್ನೇನು ಇಳಿಯುತ್ತಿದೆ ಅನ್ನುವಾಗ ಜಿಗಿದ ಸದ್ದು ಕಿವಿಗೆ ಬರುತ್ತಿತ್ತು. ಮೊದಲು ಆಟದ್ದೇ ತೊಂದರೆ ಇರಬಹುದು ಅಂದುಕೊಂಡು ಇನ್ನೊಂದು ಆಟ ಹಾಕಿದೆ, ಅದರಲ್ಲೂ ಹಾಗೇ. ಕತ್ತಿ ಬೀಸಿದ ಮೇಲೆ ಏಟಿನ ಸದ್ದು, ಬಾಗಿಲು ಪೂರ್ತಿ ತೆರೆದ ಮೇಲೆ ಕಿರ್ ಅನ್ನುವ ಸದ್ದು. ತಾಳಕ್ಕೆ ಸರಿಯಾಗಿ ಬಟನ್ ಒತ್ತುವ ಆಟವಂತೂ ಆಡೋದಕ್ಕೇ ಆಗಲಿಲ್ಲ.

ಎಷ್ಟು ತಡ ಅಂತ ಗೊತ್ತಾಗಲೇಬೇಕು ಅನ್ನಿಸಿತು. ಫೋನಿನ ಮೈಕನ್ನು ಹೆಡ್‌ಸೆಟ್‌ನ ಒಂದು ಕಪ್ಪಿಗೆ ಒತ್ತಿ ಹಿಡಿದು, ಕ್ಯಾಮೆರಾ ಸ್ಕ್ರೀನ್ ಕಡೆ ತಿರುಗಿಸಿ, ಸೆಕೆಂಡಿಗೆ 60 ಫ್ರೇಮ್ ಇರುವ ವಿಡಿಯೊ ತೆಗೆದೆ. ಆಮೇಲೆ ಒಂದೊಂದೇ ಫ್ರೇಮ್ ಸರಿಸುತ್ತಾ ಎಣಿಸಿದೆ. ಕಾಲು ನೆಲಕ್ಕೆ ತಾಗಿದ ಚಿತ್ರದಿಂದ ಸದ್ದು ಬರುವ ತನಕ 13 ಫ್ರೇಮ್. ಅಂದರೆ ಸುಮಾರು 215 ಮಿಲಿಸೆಕೆಂಡ್, ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಓದೋದಕ್ಕೆ ಚಿಕ್ಕದು ಅನ್ನಿಸುತ್ತದೆ. ಆದರೆ ಹಿಂದಿನಿಂದ ಯಾರೋ ಓಡಿ ಬರುವ ಹೆಜ್ಜೆ ಸದ್ದು ಅಷ್ಟು ತಡವಾಗಿ ಕೇಳಿಸಿದರೆ ತಿರುಗುವಷ್ಟರಲ್ಲಿ ಆಟ ಮುಗಿದಿರುತ್ತದೆ.

ಹಾಗಾದರೆ ಫೋನಿನಲ್ಲಿ ಯಾಕೆ ಗೊತ್ತಾಗಲಿಲ್ಲ? ಇದನ್ನು ನಾನು ಮೊದಲೇ ತಿಳಿದುಕೊಂಡಿದ್ದರೆ ಇಷ್ಟು ಆಗುತ್ತಿರಲಿಲ್ಲ. ಫೋನಿನಲ್ಲೂ ಬ್ಲೂಟೂತ್ ಸೌಂಡ್ ತಡವಾಗಿಯೇ ಬರುತ್ತದೆ. ಆದರೆ ವಿಡಿಯೊ ಮೊದಲೇ ರೆಡಿ ಇರುವುದರಿಂದ ಫೋನು ಚಿತ್ರವನ್ನೂ ಅಷ್ಟೇ ಹೊತ್ತು ತಡೆದು ಸೌಂಡಿನ ಜೊತೆ ಹೊಂದಿಸಿ ತೋರಿಸುತ್ತದೆ. ಆಟದಲ್ಲಿ ಹಾಗೆ ಮಾಡೋಕಾಗಲ್ಲ, ನೀವು ಬಟನ್ ಒತ್ತುವ ತನಕ ಮುಂದಿನ ಚಿತ್ರ ಏನು ಅಂತ ಕನ್ಸೋಲ್‌ಗೇ ಗೊತ್ತಿರುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಸಿನಿಮಾ ಹಾಕಿ ಹೆಡ್‌ಸೆಟ್ ಟೆಸ್ಟ್ ಮಾಡಿದರೆ ಏನೂ ಗೊತ್ತಾಗುವುದಿಲ್ಲ.

ಹೆಡ್‌ಸೆಟ್‌ನಲ್ಲಿ ‘ಲೋ ಲೇಟೆನ್ಸಿ ಗೇಮ್ ಮೋಡ್’, ಅಂದರೆ ತಡ ಕಡಿಮೆ ಮಾಡುವ ಮೋಡ್, ಅಂತ ಒಂದು ಬಟನ್ ಬೇರೆ ಇತ್ತು. ಒತ್ತಿದರೆ ‘ಗೇಮ್ ಮೋಡ್’ ಅಂತ ಒಂದು ದನಿ ಹೇಳುತ್ತದೆ, ತಡ ಮಾತ್ರ ಅಷ್ಟೇ ಇರುತ್ತದೆ. ಬ್ಲೂಟೂತ್ ಸೌಂಡನ್ನು ಬೇಗ ತಲುಪಿಸುವ ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ತರದ ವ್ಯವಸ್ಥೆಗಳು ಕೆಲಸ ಮಾಡಬೇಕಾದರೆ ಕಳಿಸುವ ಕಡೆಯಲ್ಲೂ ಕೇಳುವ ಕಡೆಯಲ್ಲೂ ಇರಬೇಕು. ಒಂದು ಕಡೆ ಇಲ್ಲದಿದ್ದರೆ ಎಲ್ಲ ಬ್ಲೂಟೂತ್ ಹೆಡ್‌ಫೋನಿನಲ್ಲೂ ಇರುವ ಎಸ್‌ಬಿಸಿ ಅನ್ನುವ ಮಾಮೂಲಿ ವ್ಯವಸ್ಥೆಗೆ ಇಳಿದುಬಿಡುತ್ತದೆ. ಡಬ್ಬಿ ಮೇಲೆ ಇರುವುದು ಹೆಡ್‌ಸೆಟ್‌ನ ತಾಕತ್ತು ಮಾತ್ರ, ನಿಮ್ಮ ಕನ್ಸೋಲ್‌ನದ್ದಲ್ಲ.

ಇನ್ನು ಮೈಕ್ ವಿಷಯ. ಗೆಳೆಯರ ಜೊತೆ ಕೂತು ‘ಹಲೋ, ಕೇಳಿಸ್ತಿದೆಯಾ’ ಅಂತ ಹತ್ತು ನಿಮಿಷ ಕೂಗಿದೆ. ಯಾರಿಗೂ ಕೇಳಿಸಲಿಲ್ಲ. ಮೈಕ್ ಕೆಟ್ಟಿದೆ ಅಂತ ಅಂದುಕೊಂಡೆ. ಕೆಟ್ಟಿರಲಿಲ್ಲ. ಸ್ವಿಚ್‌ಗೆ ಬ್ಲೂಟೂತ್ ಆಡಿಯೊ ಬಂದಿದ್ದೇ 2021ರ ಸೆಪ್ಟೆಂಬರ್‌ನಲ್ಲಿ, 13.0.0 ಅಪ್‌ಡೇಟ್ ಜೊತೆ. 2017ರಲ್ಲಿ ಕನ್ಸೋಲ್ ಬಂದಾಗ ಅದು ಇರಲೇ ಇಲ್ಲ. ಬಂದಾಗಲೂ ಕೇಳುವುದಕ್ಕೆ ಮಾತ್ರ ಬಂತು, ಬ್ಲೂಟೂತ್ ಮೈಕ್ ಅದರಲ್ಲಿ ನಡೆಯುವುದಿಲ್ಲ. ಇದನ್ನು ನಿಂಟೆಂಡೊ ತನ್ನ ಸಪೋರ್ಟ್ ಪುಟದಲ್ಲಿ ನೇರವಾಗಿಯೇ ಬರೆದಿದೆ. ಅದೇ ಪುಟದಲ್ಲಿ ಇನ್ನೂ ಎರಡು ಮಾತಿವೆ. ಬ್ಲೂಟೂತ್ ಆಡಿಯೊ ಹಾಕಿಕೊಂಡಾಗ ಎರಡಕ್ಕಿಂತ ಜಾಸ್ತಿ ವೈರ್‌ಲೆಸ್ ಕಂಟ್ರೋಲರ್ ಸೇರಿಸಲು ಆಗುವುದಿಲ್ಲ. ಅಕ್ಕಪಕ್ಕ ಕೂತು ಎರಡು ಕನ್ಸೋಲ್ ಜೋಡಿಸಿ ಆಡುವ ಲೋಕಲ್ ವೈರ್‌ಲೆಸ್ ಶುರುವಾದರೆ ಬ್ಲೂಟೂತ್ ಆಡಿಯೊ ಕಟ್ ಆಗುತ್ತದೆ. ನನಗೆ ಇದು ಗೊತ್ತಾಗಿದ್ದು ತಮ್ಮನ ಜೊತೆ ಆಡುವಾಗ ಸೌಂಡ್ ದಿಢೀರನೆ ಹೋಗಿ, ನಾನು ಆಟ ನಿಲ್ಲಿಸಿ, ಅವನ ರೇಸು ಕೆಟ್ಟ ಮೇಲೆ. ‘ಏನಣ್ಣಾ, ಮತ್ತೆ ಯಾಕೆ ನಿಲ್ಲಿಸಿದೆ’ ಅಂತ ಕೇಳಿದ. ನನಗೂ ಗೊತ್ತಿರಲಿಲ್ಲ.

ಬೇರೆ ಕನ್ಸೋಲ್‌ನಲ್ಲಿ ಬ್ಲೂಟೂತ್ ಮೈಕ್ ನಡೆದರೂ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಮಾಮೂಲಿ ಬ್ಲೂಟೂತ್‌ನಲ್ಲಿ ಮೈಕ್ ಆನ್ ಆದ ತಕ್ಷಣ ಹೆಡ್‌ಸೆಟ್ ಫೋನ್ ಕಾಲ್‌ನ ಮೋಡಿಗೆ ಹೋಗುತ್ತದೆ. ಆಗ ಎಡ ಬಲ ಅನ್ನುವುದು ಇರುವುದಿಲ್ಲ, ಎಲ್ಲ ಒಂದೇ ಚಾನೆಲ್. ಸೌಂಡು ಹಳೇ ಲ್ಯಾಂಡ್‌ಲೈನ್ ತರ ಚಪ್ಪಟೆ ಆಗುತ್ತದೆ. ಶತ್ರು ಯಾವ ಕಡೆಯಿಂದ ಬರುತ್ತಿದ್ದಾನೆ ಅಂತ ಕಿವಿಯಿಂದ ತಿಳಿಯುವುದಕ್ಕೇ ಅಲ್ವಾ ಒಳ್ಳೆಯ ಹೆಡ್‌ಸೆಟ್ ತಗೊಳ್ಳೋದು?

ಸರಿ, ವೈರ್ ಹಾಕಿಯಾದರೂ ಆಡೋಣ ಅಂತ ಡಬ್ಬಿಯಲ್ಲಿ ಬಂದಿದ್ದ ಕೇಬಲ್ ತೆಗೆದೆ. ಸ್ವಿಚ್ ಮೇಲೆ 3.5 ಎಂಎಂ ಜಾಕ್ ಇದೆ, ವೈರ್ ಇರುವ ಮೈಕನ್ನು ಅದು ತಗೊಳ್ಳುತ್ತದೆ, ಫೋರ್ಟ್‌ನೈಟ್‌ನಲ್ಲಿ ಆ ಮೈಕ್‌ನಿಂದಲೇ ಮಾತಾಡಬಹುದು. ಎಷ್ಟೋ ಆಟಗಳಿಗೆ ಅದೂ ಇಲ್ಲ, ಮಾತಾಡಲು ಫೋನಿನಲ್ಲಿ ನಿಂಟೆಂಡೊ ಆ್ಯಪ್ ಬೇಕು, ಅದು ಬೇರೆ ಮಾತು. ಕೇಬಲ್ ಚುಚ್ಚಿದೆ. ಸೌಂಡು ಬಂತು, ತಡ ಇಲ್ಲ, ಬಟನ್ ಒತ್ತಿದ ಕೂಡಲೇ ಸದ್ದು. ಮೈಕ್ ಮಾತ್ರ ಸತ್ತಂತೆಯೇ ಇತ್ತು.

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ನನ್ನ ಹಳೇ ಇಯರ್‌ಫೋನಿನ ಪಿನ್ನನ್ನೂ ಈ ಕೇಬಲ್‌ನ ಪಿನ್ನನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಇಯರ್‌ಫೋನಿನ ಪಿನ್ ಮೇಲೆ ಮೂರು ಕಪ್ಪು ಗೆರೆ. ಈ ಕೇಬಲ್‌ನಲ್ಲಿ ಎರಡೇ. ಅಷ್ಟೇ ವ್ಯತ್ಯಾಸ. ಮೂರು ಗೆರೆ ಇದ್ದರೆ ಪಿನ್ನಿನಲ್ಲಿ ನಾಲ್ಕು ಭಾಗ: ಎಡ ಕಿವಿ, ಬಲ ಕಿವಿ, ಗ್ರೌಂಡ್, ಮೈಕ್. ಎರಡೇ ಗೆರೆ ಇದ್ದರೆ ಮೂರು ಭಾಗ, ಮೈಕ್‌ನ ಸಿಗ್ನಲ್ ಹೋಗುವುದಕ್ಕೆ ದಾರಿಯೇ ಇಲ್ಲ. ಕಂಪನಿಯವರು ಕೊಟ್ಟಿದ್ದು ಹಾಡು ಕೇಳುವ ಕೇಬಲ್. ನಾಲ್ಕು ಭಾಗದ ಕೇಬಲ್ ತಂದರೆ ಸರಿಹೋಗುತ್ತದೆ ಅಂತ ಅದನ್ನೂ ತರಿಸಿದೆ, ಆಗಲೂ ಮೈಕ್ ಬರಲಿಲ್ಲ. ಹೆಡ್‌ಸೆಟ್‌ನ ಒಳಗಿನ ಜಾಕೇ ಮೈಕ್‌ಗೆ ಕನೆಕ್ಟ್ ಆಗಿಲ್ಲ. ಕೈಪಿಡಿಯ ಕೊನೇ ಪುಟದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ವೈರ್ ಹಾಕಿದಾಗ ಮೈಕ್ ಕೆಲಸ ಮಾಡುವುದಿಲ್ಲ ಅಂತ ಬರೆದಿತ್ತು. ಹಸಿರು ಟಿಕ್‌ಗೆ ಡಬ್ಬಿ ಮೇಲೆ ಅಷ್ಟು ದೊಡ್ಡ ಜಾಗ ಕೊಟ್ಟವರು ಈ ಒಂದು ಸಾಲನ್ನು ಅಲ್ಲೇ ಹಾಕಬಹುದಿತ್ತು. ಇದಕ್ಕೇ ನನಗೆ ಜಾಸ್ತಿ ಸಿಟ್ಟು ಬಂದಿದ್ದು.

ವಾಪಸ್ ಕೊಡೋಣ ಅಂತ ಮಾರಿದವರನ್ನು ಕೇಳಿದೆ. ‘ಬ್ಲೂಟೂತ್ ಕನೆಕ್ಟ್ ಆಗ್ತಿದೆಯಾ?’ ಅಂತ ಕೇಳಿದರು. ಆಗುತ್ತಿದೆ ಅಂದೆ. ‘ಸೌಂಡ್ ಬರ್ತಿದೆಯಾ?’ ಬರುತ್ತಿದೆ. ‘ಹಾಗಾದ್ರೆ ಐಟಂನಲ್ಲಿ ಏನೂ ದೋಷ ಇಲ್ಲ, ಪ್ಯಾಕಿಂಗ್ ಬೇರೆ ಹರಿದಿದೆ, ತಗೊಳ್ಳೋಕೆ ಆಗಲ್ಲ.’ ಅಲ್ಲಿಗೆ ಮುಗಿಯಿತು. ಡಬ್ಬಿ ಮೇಲಿನ ಟಿಕ್ ತೋರಿಸಿ ಎಷ್ಟು ವಾದ ಮಾಡಿದರೂ ಉತ್ತರ ಅದೇ.

7.1 ಸರೌಂಡ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅದು ಪಿಸಿಯಲ್ಲಿ ಸಾಫ್ಟ್‌ವೇರ್ ಹಾಕಿದರೆ ಮಾತ್ರ. ಕೈಯಲ್ಲಿರುವ ಸ್ವಿಚ್‌ನಿಂದ ಬರುವುದು ಎರಡೇ ಚಾನೆಲ್. ಬಣ್ಣದ ಲೈಟು ಬ್ಯಾಟರಿ ತಿನ್ನುತ್ತದೆ, ತಲೆ ಮೇಲಿದ್ದಾಗ ನಿಮಗೇ ಕಾಣುವುದಿಲ್ಲ.

ಆದರೆ ತೂಕದ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳಲೇಬೇಕು. ನನ್ನ ಹೆಡ್‌ಸೆಟ್ 350 ಗ್ರಾಂ ಹತ್ತಿರ ಇದೆ. ಟಿವಿ ಮುಂದೆ ನೇರವಾಗಿ ಕೂತರೆ ಅದು ಗೊತ್ತೇ ಆಗುವುದಿಲ್ಲ. ಕೈಯಲ್ಲಿ ಹಿಡಿದು ಆಡುವಾಗ ನಾವು ತಲೆ ಬಗ್ಗಿಸಿ ಮಡಿಲ ಕಡೆ ನೋಡುತ್ತೇವೆ. ಆಗ ಭಾರದ ಹೆಡ್‌ಸೆಟ್ ನೆತ್ತಿಯಿಂದ ಹಣೆ ಕಡೆ ನಿಧಾನಕ್ಕೆ ಜಾರುತ್ತದೆ. ಎರಡೂ ಕೈ ಕನ್ಸೋಲ್ ಮೇಲೆ ಇರುತ್ತದೆ, ಸರಿಮಾಡಿಕೊಳ್ಳಬೇಕು ಅಂದರೆ ಆಟ ನಿಲ್ಲಿಸಬೇಕು. ಅರ್ಧ ಗಂಟೆಗೆ ಕತ್ತಿನ ಹಿಂದೆ ನೋವು ಶುರುವಾಗುತ್ತದೆ. ಹೆಡ್‌ಸೆಟ್ ಹಾಕಿಕೊಂಡು ಗಲ್ಲ ಎದೆಗೆ ತಾಗುವ ಹಾಗೆ ತಲೆ ಬಗ್ಗಿಸಿ ಒಂದು ನಿಮಿಷ ಇರಿ. ಜಾರಿದರೆ ಅದು ನಿಮಗೆ ಬೇಡ.

ಹಾಗಾದರೆ ಏನು ತಗೊಳ್ಳಬೇಕು ಅಂತ ಕೇಳಿದರೆ, ಮೊದಲು ಹೆಡ್‌ಸೆಟ್ ನೋಡಬೇಡಿ, ಕನ್ಸೋಲ್‌ನ ಮೈ ಸುತ್ತ ಯಾವ ಯಾವ ಜಾಗದಲ್ಲಿ ಏನೇನು ತೂತು ಇದೆ ನೋಡಿ. 2023ರಲ್ಲಿ ಬಂದ ಪ್ಲೇಸ್ಟೇಷನ್ ಪೋರ್ಟಲ್‌ನಲ್ಲಿ ಬ್ಲೂಟೂತ್ ಆಡಿಯೊ ಇಲ್ಲವೇ ಇಲ್ಲ. ವೈರ್‌ಲೆಸ್ ಬೇಕಾದರೆ ಪ್ಲೇಸ್ಟೇಷನ್ ಲಿಂಕ್ ಅನ್ನುವ ಸೋನಿಯದ್ದೇ ವೈರ್‌ಲೆಸ್ ವ್ಯವಸ್ಥೆ ಇರುವ ಹೆಡ್‌ಸೆಟ್ಟೇ ಆಗಬೇಕು, ಇಲ್ಲದಿದ್ದರೆ 3.5 ಎಂಎಂ ವೈರ್. ಸ್ಟೀಮ್ ಡೆಕ್‌ನಲ್ಲಿ ಬ್ಲೂಟೂತ್, 3.5 ಎಂಎಂ ಜಾಕ್, ಒಂದು ಯುಎಸ್‌ಬಿ-ಸಿ ಮೂರೂ ಇದೆ. 2025ರ ಸ್ವಿಚ್ 2ರಲ್ಲಿ ಯುಎಸ್‌ಬಿ-ಸಿ ಎರಡು, ಮೈಕ್ ಒಳಗೇ ಇದೆ.

ವೈರ್ ಬೇಡವೇ ಬೇಡ ಅನ್ನುವವರು 2.4 ಗಿಗಾಹರ್ಟ್ಸ್ ಡಾಂಗಲ್ (ಕನ್ಸೋಲ್‌ಗೆ ಚುಚ್ಚಿ ಹೆಡ್‌ಸೆಟ್‌ಗೆ ಸೌಂಡ್ ಕಳಿಸುವ ಪುಟ್ಟ ತುಂಡು) ಇರುವುದನ್ನು ನೋಡಿ, ತಡ ಬ್ಲೂಟೂತ್‌ಗಿಂತ ತುಂಬಾ ಕಡಿಮೆ. ಆದರೆ ಡಾಂಗಲ್ ಯುಎಸ್‌ಬಿ-ಸಿ ಆಗಿರಲಿ, ಹಳೇ ಚಪ್ಪಟೆ ಯುಎಸ್‌ಬಿ ಆದರೆ ಅಡಾಪ್ಟರ್ ಬೇರೆ ಬೇಕಾಗುತ್ತದೆ. ಇನ್ನೊಂದು ತೊಂದರೆ ಇದೆ. ಹಳೇ ಸ್ವಿಚ್‌ನಲ್ಲಿ ಯುಎಸ್‌ಬಿ-ಸಿ ಇರುವುದು ಒಂದೇ, ಅದೂ ಕೆಳಗಡೆ. ಡಾಂಗಲ್ ಹಾಕಿದರೆ ಚಾರ್ಜ್ ಆಗುವುದಿಲ್ಲ, ಟೇಬಲ್ ಮೇಲೆ ಸ್ಟ್ಯಾಂಡ್ ಬಿಚ್ಚಿ ನಿಲ್ಲಿಸಲೂ ಆಗುವುದಿಲ್ಲ. ಸ್ಟೀಮ್ ಡೆಕ್‌ನಲ್ಲಿ ಅದು ಮೇಲಿದೆ, ಆದರೆ ಅಲ್ಲೂ ಚಾರ್ಜರ್‌ನ ಜಾಗವನ್ನೇ ಹಿಡಿಯುತ್ತದೆ.

ಜಾಕ್ ಇರುವ ಕನ್ಸೋಲ್ ನಿಮ್ಮದಾದರೆ ನನ್ನ ಮಾತು ಕೇಳಿ, ವೈರ್ ಇರುವುದನ್ನೇ ತಗೊಳ್ಳಿ. ಮೂರು ಗೆರೆಯ ಪಿನ್, ಹಗುರ, 32 ಓಮ್ (ಹೆಡ್‌ಫೋನ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಆಸುಪಾಸಿನದ್ದು. ಸ್ಟುಡಿಯೋದವರು ಬಳಸುವ 250 ಓಮ್ ಹೆಡ್‌ಫೋನ್ ಹಾಕಿದರೆ ಇಂಥ ಪುಟ್ಟ ಯಂತ್ರಕ್ಕೆ ಅದನ್ನು ದೂಡುವ ಶಕ್ತಿ ಇರುವುದಿಲ್ಲ, ವಾಲ್ಯೂಮ್ ಪೂರ್ತಿ ಇಟ್ಟರೂ ಸಣ್ಣಗೇ ಕೇಳಿಸುತ್ತದೆ.

ಈಗ ನಾನು ಆಡುತ್ತಿರುವುದು ಆ ಹಳೇ ಇಯರ್‌ಫೋನ್ ಹಾಕಿಕೊಂಡೇ. ಕಾಲು ನೆಲಕ್ಕೆ ತಾಗಿದ ಕ್ಷಣವೇ ಸದ್ದು ಬರುತ್ತದೆ, ನನ್ನ ಮಾತು ಗೆಳೆಯರಿಗೆ ಕೇಳಿಸುತ್ತದೆ. ಯಾವುದಾದರೂ ಹೆಡ್‌ಸೆಟ್ ಮೇಲೆ ಕಣ್ಣಿಟ್ಟಿದ್ದರೆ ಕನ್ಸೋಲ್ ಹೆಸರಿನ ಜೊತೆ ಇಲ್ಲಿ ಬರೆಯಿರಿ, ಅದರ ಕೈಪಿಡಿಯ ಕೊನೇ ಪುಟದ ಫೋಟೊ ಸಿಕ್ಕರೆ ಅದನ್ನೂ ಹಾಕಿ. ಗೊತ್ತಿದ್ದಷ್ಟು ನೋಡಿ ಹೇಳುತ್ತೇನೆ.